ಒಲೆಯ ಮೇಲಿನ ಸೋರೆಬುರುಡೆ

ನಾನು ಕೂತಲ್ಲಿ ಕೂರುವ ಹೆಂಗಸಲ್ಲ. ಈಗ ಮಂಡಿನೋವು ಬಂದು ಕೂರಿಸಿದೆ, ಮನಸ್ಸು ಮಾತ್ರ ಇನ್ನೂ ಕೂತಿಲ್ಲ. ಮದುವೆಯಾಗಿ ಮಿರ್ಲೆ ಕಡೆಯ ಆ ಒಕ್ಕಲು ಮನೆಗೆ ಬಂದ ಮೊದಲ ವರ್ಷವೇ ಅತ್ತೆ ನನ್ನನ್ನು ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವಳು ಎಂದರು. ಹಸು ಕರೆಯುವುದು, ರಾಗಿ ಬೀಸುವುದು, ಹಿಟ್ಟು ತಿರುವುವುದು ಯಾವುದಕ್ಕೂ ನಾನು ಹಿಂದೆ ಬೀಳುತ್ತಿರಲಿಲ್ಲ. ಆದರೆ ಕೆಲಸ ಮುಗಿದ ಮರುಕ್ಷಣ ನಡುಮನೆಯ ಗೋಡೆಗಳು ಮೈಮೇಲೆ ಬಂದ ಹಾಗಾಗುತ್ತಿತ್ತು. ಬಾಗಿಲಿಗೆ ಹೋಗುತ್ತಿದ್ದೆ, ಹಿತ್ತಿಲಿಗೆ ಹೋಗುತ್ತಿದ್ದೆ, ಮತ್ತೆ ಬಾಗಿಲಿಗೆ ಬರುತ್ತಿದ್ದೆ.

ಮಕ್ಕಳು ಹುಟ್ಟಿದ್ದು ಒಂದು ಲೆಕ್ಕದಲ್ಲಿ ನನಗೆ ಬಿಡುಗಡೆಯೇ ಆಯಿತು. ಸೊಸೆಯಾದವಳು ಒಬ್ಬಳೇ ಹೊಲದ ಬದುವಿನ ಮೇಲೆ ಸುಮ್ಮನೆ ತಿರುಗಿದರೆ ಊರು ಬಾಯಿಗೆ ಬಂದಂತೆ ಮಾತಾಡುತ್ತದೆ. ಸೊಂಟದ ಮೇಲೊಂದು, ಕೈಯಲ್ಲೊಂದು ಮಗುವಿದ್ದರೆ ಯಾರೂ ಕೇಳುವುದಿಲ್ಲ. ಐವತ್ತರ ದಶಕದ ನಡುವಿನ ಮಾತು ಇದು. ಮಗಳಿಗೆ ಆಗ ಏಳು ವರ್ಷ, ಮಗನಿಗೆ ಐದು. ಇಬ್ಬರಿಗೂ ನನ್ನದೇ ಕಾಲು. ತಂದೆಯ ಹಾಗೆ ಒಂದು ಕಡೆ ಕೂತು ಯೋಚಿಸುವ ಗುಣ ಒಂದಕ್ಕೂ ಬರಲಿಲ್ಲ, ಸದ್ಯ.

ನಮ್ಮ ತಿರುಗಾಟಕ್ಕೆ ಬೇಕಾದ ಸಾಮಾನು ನನ್ನ ತವರಿನಿಂದ ಬಂದಿತ್ತು. ಸರಗೂರಿನಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಯುದ್ಧ ಮುಗಿದ ಮೇಲೆ ಮಿಲಿಟರಿ ಸಾಮಾನು ಅಗ್ಗಕ್ಕೆ ಸಿಕ್ಕುತ್ತಿದ್ದಾಗ ಅಪ್ಪ ಯಾರ ಕೈಯಿಂದಲೋ ಒಂದು ಕ್ಯಾನ್ವಾಸ್ ಚೀಲ, ಬಟ್ಟೆ ಹೊದಿಸಿದ ನೀರಿನ ಬಾಟಲಿ, ಒಂದು ಟಾರ್ಚು ತೆಗೆದುಕೊಂಡಿದ್ದರು. ಅಂಗಡಿಯಲ್ಲಿ ಯಾರೂ ಕೊಳ್ಳಲಿಲ್ಲ. ಬಾಣಂತನ ಮುಗಿಸಿ ಹೊರಟಾಗ ನಾನು ಕೇಳಿ ಇಸಕೊಂಡೆ. ಬೇರೆ ಹೆಣ್ಣುಮಕ್ಕಳು ತವರಿನಿಂದ ಬೆಳ್ಳಿ ಬಟ್ಟಲು ತಂದರೆ ಇವಳು ಸಿಪಾಯಿಯ ಗಂಟು ತಂದಳು ಎಂದು ಅತ್ತೆ ನಕ್ಕರು.

ನಕ್ಕರೆ ನಗಲಿ. ಆ ಚೀಲದಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಬೆಂಕಿಪೊಟ್ಟಣ, ಒಂದು ಕುಡುಗೋಲು, ಕರು ಕಟ್ಟುವ ಹಗ್ಗ ಎಲ್ಲ ಹಿಡಿಸುತ್ತಿತ್ತು. ಬಾಟಲಿಯನ್ನು ಮಗಳು ಅಡ್ಡಡ್ಡ ಹಾಕಿಕೊಳ್ಳುತ್ತಿದ್ದಳು. ಅದು ಅವಳ ಮೊಣಕಾಲಿಗೆ ಬಡಿಯುತ್ತಿತ್ತು. ಟಾರ್ಚಿಗೆ ಸೆಲ್ ಇರುತ್ತಿರಲಿಲ್ಲ, ಆದರೂ ಮಗ ಅದನ್ನು ಬಿಟ್ಟು ಹೊರಡುತ್ತಿರಲಿಲ್ಲ. ಕಂಬಳಿ ನನ್ನ ತಲೆಯ ಮೇಲೆ. ಮಳೆ ಬಂದರೆ ಅದೇ ಕೊಪ್ಪೆ, ಬಿಸಿಲು ಬಂದರೆ ಎರಡು ಜಾಲಿ ಕೋಲಿಗೆ ಕಟ್ಟಿ ಅದೇ ಡೇರೆ. ಹೊಲದ ಮೂಲೆಯಲ್ಲಿ ಡೇರೆ ಹಾಕಿ, ತರಗು ಗುಡಿಸಿ ಬೆಂಕಿ ಮಾಡಿ, ಹಸಿ ಕಡಲೆಕಾಯಿ ಸುಟ್ಟು ತಿನ್ನುತ್ತಿದ್ದೆವು. ಮೂವರ ಮುಖವೂ ಮಸಿಯಾಗುತ್ತಿತ್ತು. ಅಷ್ಟು ಹೊತ್ತು ನನ್ನ ಎದೆಯೊಳಗಿನ ಚಡಪಡಿಕೆ ನಿಲ್ಲುತ್ತಿತ್ತು. ಮನೆಯ ಹೆಂಚು ಕಂಡ ಕೂಡಲೆ ಮತ್ತೆ ಶುರುವಾಗುತ್ತಿತ್ತು.

ವರ್ಷಕ್ಕೊಮ್ಮೆ ಸರಗೂರಿಗೆ ಹೋಗುವುದು ನಮ್ಮ ದೊಡ್ಡ ದಂಡಯಾತ್ರೆ. ಕೃಷ್ಣರಾಜನಗರಕ್ಕೆ ಗಾಡಿ, ಅಲ್ಲಿಂದ ಬಿಳಿಕೆರೆಗೆ ಬಸ್ಸು. ಬಿಳಿಕೆರೆಯಲ್ಲಿ ಇಳಿದು ಹುಣಸೂರಿನ ಬಸ್ಸಿಗೆ ಕಾಯುವಾಗ ಮಕ್ಕಳಿಗೆ ಗೋಲಿ ಸೋಡಾ ಆಗಲೇಬೇಕು. ಹುಣಸೂರು, ಹೆಗ್ಗಡದೇವನಕೋಟೆ ದಾಟಿ ಸಂಜೆಗೆ ಸರಗೂರು. ಮರುದಿನ ಬೆಳಗಾಗುವುದಕ್ಕೂ ಕಾಯದೆ ನಾನು ಮಕ್ಕಳನ್ನು ಕಪಿಲೆಗೆ ಕರೆದುಕೊಂಡು ಹೋಗುತ್ತಿದ್ದೆ. ಚಿಕ್ಕಂದಿನಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಅದೇ ಹೊಳೆಯಲ್ಲಿ ನಾನು ಈಜು ಕಲಿತದ್ದು. ಒಣಗಿದ ಇಡೀ ಬುರುಡೆ ನೀರಿನಲ್ಲಿ ಮುಳುಗುವುದಿಲ್ಲ, ಕಟ್ಟಿಕೊಂಡ ಮಗುವನ್ನೂ ಮುಳುಗಿಸುವುದಿಲ್ಲ. ದೊಡ್ಡವಳಾದ ಮೇಲೆ ನನ್ನನ್ನು ಹೊಳೆಯಿಂದ ಎಬ್ಬಿಸಿದರು. ಆ ಸಿಟ್ಟು ಇವತ್ತಿಗೂ ಇದೆ.

ನನ್ನ ಮಕ್ಕಳಿಗೆ ಮಾತ್ರ ನೀರು ಮುಟ್ಟುವ ಹಾಗಿರಲಿಲ್ಲ. ನಮ್ಮ ಹಿತ್ತಿಲಿನಿಂದ ಕೂಗಳತೆಯಲ್ಲಿ ನಾಲೆ ಹರಿಯುತ್ತಿತ್ತು. ನನ್ನ ಗಂಡನ ಅಣ್ಣ ಹುಡುಗನಾಗಿದ್ದಾಗ ಆ ನಾಲೆಯಲ್ಲೇ ಮುಳುಗಿ ಹೋಗಿಬಿಟ್ಟಿದ್ದ. ನನ್ನ ಗಂಡ ಆಗ ತೊಟ್ಟಿಲ ಕೂಸು. ಆ ಮನೆಯಲ್ಲಿ ಯಾರೂ ಅವನ ಮಾತು ಎತ್ತುತ್ತಿರಲಿಲ್ಲ. ಅತ್ತೆ ನಾಲೆಯ ಕಡೆ ಮುಖವನ್ನೂ ತಿರುಗಿಸುತ್ತಿರಲಿಲ್ಲ. ಏರಿಯ ಮೇಲೆ ಗಾಡಿ ಹೋಗುವಾಗ ಸೆರಗನ್ನು ಕಣ್ಣಿಗೆ ಎಳೆದುಕೊಂಡು ಕೂರುತ್ತಿದ್ದರು. ನಾನು ಒಮ್ಮೆ ಮಕ್ಕಳಿಗೆ ಈಜು ಕಲಿಸುವ ಮಾತು ತೆಗೆದೆ. ಅವರು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದವರು ಹಾಗೆಯೇ ಕೈ ನಿಲ್ಲಿಸಿದರು.

“ಮಕ್ಕಳ್ನ ನೀರ್ಗೆ ಇಳಿಸ್ದೆ ಅಂದ್ರೆ ನಾ ಈ ಮನೇಲಿ ತುತ್ತು ಮುಟ್ಟಾಕಿಲ್ಲ ಕಣವ್ವ” ಎಂದರು.

ಆಮೇಲೆ ನನಗೆ ನಿದ್ದೆ ಬರದಂತಾಯಿತು. ಅವರಿಗೆ ಮಕ್ಕಳು ನೀರಿಗೆ ಇಳಿದಾರೆಂಬ ಭಯ, ನನಗೆ ಮಕ್ಕಳು ಈಜು ಕಲಿಯದೆಯೇ ಒಂದು ದಿನ ಇಳಿದಾರೆಂಬ ಭಯ. ಇಬ್ಬರದೂ ಒಂದೇ ನಾಲೆ. ನಮ್ಮ ಮಕ್ಕಳಂಥ ಮಕ್ಕಳನ್ನು ಎಷ್ಟು ದಿನ ಕಟ್ಟಿಹಾಕಲು ಸಾಧ್ಯ? ನೀರಿನ ಬಾಟಲಿ ತುಂಬಿಸುವ ನೆಪದಲ್ಲಿ ಮಗಳು ಆಗಲೇ ನಾಲೆಯ ಮೆಟ್ಟಿಲಿನವರೆಗೆ ಹೋಗಿ ಬರುತ್ತಿದ್ದಳು. ನಾನು ರಾತ್ರಿಯೆಲ್ಲ ಹೊರಳಾಡಿ ಗಂಡನ ತಲೆ ತಿನ್ನತೊಡಗಿದೆ. ಅವರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಅವ್ವನಿಗೂ ಸರಿ ಎಂದರು, ನನಗೂ ಸರಿ ಎಂದರು, ಹೊಲಕ್ಕೆ ಹೋದರು.

ಶ್ರಾವಣ ಕಳೆದು ನಾಲೆ ತುಂಬಿ ಹರಿಯುತ್ತಿದ್ದ ದಿನಗಳಲ್ಲಿ ಅತ್ತೆ ಕೃಷ್ಣರಾಜನಗರಕ್ಕೆ, ಅವರ ತಂಗಿಯ ಮನೆಯ ನಾಮಕರಣಕ್ಕೆ ಹೊರಟರು. ಒಂದು ವಾರ ಇದ್ದು ಬರುತ್ತೇನೆ ಎಂದರು. ಗಾಡಿ ಕಣ್ಮರೆಯಾಗುವುದಕ್ಕೆ ಮುಂಚೆ ನಾನು ಬುರುಡೆಗೆ ಹುಡುಕಾಟ ಶುರುಮಾಡಿದೆ. ಊರಿನಲ್ಲಿ ಒಂದೂ ಒಳ್ಳೆಯದು ಸಿಗಲಿಲ್ಲ. ನನ್ನ ಗಂಡ ತಲೆಯೆತ್ತಿ ಅಡುಗೆಮನೆಯ ಸೂರು ನೋಡಿದರು. ಅಲ್ಲಿ ಒಲೆಯ ಮೇಲೆ ಹೊಗೆ ತಾಗುವಂತೆ ಅತ್ತೆಯ ಬೀಜದ ಬುರುಡೆ ತೂಗುಬಿದ್ದಿತ್ತು. ಹೀರೆ, ಹಲಸಂದೆ, ಕುಂಬಳದ ಬೀಜಗಳನ್ನು ಬೂದಿಯ ಜೊತೆ ಅದರೊಳಗೆ ತುಂಬಿ, ತೂತಿಗೆ ಸಗಣಿ ಮೆತ್ತಿ ಇಡುತ್ತಿದ್ದರು. ಹುಳ ಬೀಳುತ್ತಿರಲಿಲ್ಲ. ಮಸಿ ಹಿಡಿದು ಕಪ್ಪಾಗಿದ್ದರೂ ಬುರುಡೆ ಕಲ್ಲಿನಂತೆ ಗಟ್ಟಿ.

ಅದನ್ನು ಇಳಿಸಿದ್ದು ನನ್ನ ಗಂಡನೇ. ಬೀಜವನ್ನು ಮಡಕೆಗೆ ಸುರಿದು, ಖಾಲಿ ಬುರುಡೆಯ ತೂತಿಗೆ ಅವ್ವ ಮಾಡುತ್ತಿದ್ದ ಹಾಗೆಯೇ ಸಗಣಿ ಮೆತ್ತಿ ಬಿಸಿಲಿಗಿಟ್ಟರು. ಹುಟ್ಟಿದಾಗಿನಿಂದ ಕಂಡ ಕೆಲಸ, ಕೈ ತಾನಾಗಿ ಮಾಡಿತು. ಮಾರನೆಯ ಬೆಳಗ್ಗೆ ಅದು ಒಣಗಿ ಬೆರಳಿನಿಂದ ಬಡಿದರೆ ಟಕಟಕ ಎನ್ನುತ್ತಿತ್ತು. ನಾನು ಮಗಳ ಬೆನ್ನಿಗೆ ಕಟ್ಟುವಾಗ ಬುರುಡೆಯ ಸೊಂಟದಲ್ಲಿ ಹಗ್ಗ ಉಜ್ಜಿ ಸವೆದ ಗೆರೆ ಮೊದಲೇ ಇದ್ದದ್ದು ಕಂಡಿತು. ತೂಗುಹಾಕಿದ ಹಗ್ಗದ್ದಿರಬೇಕು ಅಂದುಕೊಂಡೆ. ಈಜುವ ಆತುರದಲ್ಲಿ ಮಗಳು ನಿಂತಲ್ಲಿ ನಿಲ್ಲದೆ ಕುಣಿಯುತ್ತಿದ್ದಳು, ನನ್ನದೂ ಅದೇ ಪಾಡು.

ಮೆಟ್ಟಿಲಿನ ಬಳಿ ನೀರು ನನ್ನ ಎದೆಮಟ್ಟ. ಸೀರೆ ಕಚ್ಚೆ ಹಾಕಿ ಇಳಿದೆ. ಮಗ ತನ್ನ ಬೆಳಗದ ಟಾರ್ಚು ಹಿಡಿದು ಅಪ್ಪನ ಪಕ್ಕ ದಡದಲ್ಲಿ ಕೂತಿದ್ದ. ಮಗಳನ್ನು ನೀರಿನ ಮೇಲೆ ಬೋರಲು ಮಲಗಿಸಿದೆ. ತೇಲಿದಳು. ಅಂಗೈ ತೆಗೆದೆ, ಆದರೂ ತೇಲಿದಳು. ಕೈಕಾಲು ಬಡಿಯುತ್ತ ನನ್ನಿಂದ ದೂರ ಹೋದಳು, ತಿರುಗಿ ಬಂದಳು, ಇನ್ನೂ ದೂರ ಹೋದಳು. ಆ ನಗು ಈಗಲೂ ಕಿವಿಯಲ್ಲಿದೆ. ನಾನು ಅಷ್ಟು ಸುಖವಾಗಿದ್ದದ್ದು ಕಡಿಮೆ.

ಅವಳ ಹಿಂದೆ ನೀರಿನಲ್ಲಿ ಹಸಿರು ಬಣ್ಣದ ಎಳೆಯೊಂದು ಹರಿಯುತ್ತಿರುವುದು ಕಂಡಾಗ ಪಾಚಿ ಎಂದುಕೊಂಡೆ. ಅದು ಸಗಣಿ. ಹುಳಕ್ಕೆ ಜಗ್ಗದ ಸಗಣಿ ನೀರಿಗೆ ಎಷ್ಟು ಹೊತ್ತು ತಡೆದೀತು? ಕರಗುತ್ತ ಇತ್ತು. ಬುರುಡೆ ಗುಳುಗುಳು ಎಂದು ನೀರು ಕುಡಿಯಿತು, ಭಾರವಾಯಿತು, ಮಗಳನ್ನು ಬೆನ್ನ ಮೇಲೆ ಉರುಳಿಸಿ ಕೆಳಗೆ ಎಳೆಯಿತು. ಹೇಗೆ ಹೋದೆನೋ ತಿಳಿಯದು, ಜಡೆ ಸಿಕ್ಕಿತು, ಜಡೆಯಿಂದಲೇ ಎತ್ತಿದೆ. ನನ್ನ ಗಂಡ ಪಂಚೆ ಸಮೇತ ಹಾರಿ ಬಂದು ಹಗ್ಗದ ಗಂಟು ಕಿತ್ತರು. ಮೆಟ್ಟಿಲ ಮೇಲೆ ಮಲಗಿಸಿದಾಗ ಅವಳು ಕೆಮ್ಮಿದಳು, ಕಕ್ಕಿದಳು, ಆಮೇಲೆ ಜೋರಾಗಿ ಅತ್ತಳು. ಅಳುತ್ತಾಳಲ್ಲ ಎಂದು ನಾನೂ ಅತ್ತುಬಿಟ್ಟೆ.

ತಲೆ ಎತ್ತಿದರೆ ಏರಿಯ ಮೇಲೆ ಅತ್ತೆ ನಿಂತಿದ್ದರು. ದಿನ ತುಂಬಿದ ಹಸುವನ್ನು ಬಿಟ್ಟುಬಂದೆನೆಂದು ಮನಸ್ಸು ತಡೆಯದೆ ನಾಮಕರಣ ಮುಗಿದ ಮರುದಿನವೇ ಗಾಡಿ ಹತ್ತಿದ್ದರಂತೆ. ಚಕ್ರ ನನ್ನೊಬ್ಬಳ ಕಾಲಿಗೇ ಇರಲಿಲ್ಲ. ಬೈಯುತ್ತಾರೆ ಎಂದು ಕಾದೆ. ಅವರು ಕೆಳಗಿಳಿದು ಬಂದು ಮೊಮ್ಮಗಳ ಹಣೆ, ಹೊಟ್ಟೆ, ಪಾದ ಮುಟ್ಟಿ ನೋಡಿದರು. ನೀರು ಸುರಿಯುತ್ತಿದ್ದ ಬುರುಡೆಯನ್ನು ಎತ್ತಿಕೊಂಡು ಮನೆಗೆ ನಡೆದರು.

ಆ ಮಧ್ಯಾಹ್ನ ಅವರು ಊಟಕ್ಕೆ ಏಳಲಿಲ್ಲ. ಆಡಿದ ಮಾತು ನಡೆಸುತ್ತಿದ್ದಾರೆ ಎಂದು ನಾನೂ ತಟ್ಟೆ ಹಾಕಿಕೊಳ್ಳಲಿಲ್ಲ. ಒಳಗೆ ಹೊರಗೆ ಓಡಾಡಿದೆ. ಹಸುವಿಗೆ ಹುಲ್ಲು ಹಾಕಿದೆ, ಹಾಕಿದ್ದೇನೆಂಬುದನ್ನು ಮರೆತು ಮತ್ತೆ ಹಾಕಿದೆ. ಇನ್ನು ನಮ್ಮ ಚೀಲ ಮೊಳೆಗೆ ಸೇರಿತು, ಮಕ್ಕಳು ಹೊಸಿಲಿಗೆ ಸೇರಿದರು ಎಂದುಕೊಂಡೆ. ಹೊತ್ತು ಇಳಿದಾಗ ಅತ್ತೆ ಕರೆದರು. ಜಗಲಿಯ ಮೇಲೆ ಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ತೊಳೆದು ಮಸಿ ತೆಗೆದಿದ್ದರು.

“ಇದು ಬೀಜದ ಬುರುಡೆ ಅಲ್ಲ ಕಣವ್ವ” ಎಂದರು. “ನನ್ನ ದೊಡ್ಡ ಮಗಂದು. ಅವ್ನು ಈಜಾಕೆ ಕಟ್ಕೊತಿದ್ದುದ್ದು. ಆ ವರ್ಸ ಬೀಜಕ್ಕೆ ಒಳ್ಳೆ ಬುರುಡೆ ಇರ್ನಿಲ್ಲ. ತೂತು ಕೊರ್ದು ಬೀಜ ತುಂಬ್ಬುಟ್ಟೆ. ನಾಲೆಗೆ ನೀರ್ ಬಂದಾಗ ಕೇಳ್ದ, ಅವ್ವ, ನನ್ ಬುರುಡೆ ಎಲ್ಲಿ ಅಂತ. ಬೀಜ ಅದೆ, ಬುಡು, ಮುಂದಿನ್ ವರ್ಸ ಬೇರೆ ಮಾಡ್ಕೊಡ್ತೀನಿ ಅಂದೆ.”

ಹುಡುಗ ಬುರುಡೆಯಿಲ್ಲದೆ ಇಳಿದಿದ್ದ. ಅಷ್ಟು ವರ್ಷ ಈ ಹೆಂಗಸು ಅದೇ ಬುರುಡೆಯನ್ನು ಒಲೆಯ ಮೇಲೆ ಕಟ್ಟಿಕೊಂಡು, ಅದರ ಕೆಳಗೆ ಕೂತು ದಿನಾ ಮುದ್ದೆ ಕೂಡಿಸಿದ್ದರು. ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಂಡು, ಮಕ್ಕಳು ಹಸಿದಿವೆ, ನಮಗೂ ಹಾಕು ಎಂದರು.

ಆಮೇಲೆ ಜೇನು ಮಾರುವವನು ಬಂದಾಗ ಅತ್ತೆ ಜೇನಿಗಿಂತ ಮೊದಲು ಮೇಣ ಕೇಳಿದರು. ತೂತಿಗೆ ಬೆಣೆ ಬಡಿಸಿ, ಸುತ್ತ ಮೇಣ ಕರಗಿಸಿ ಹುಯ್ದು, ಬುರುಡೆಯನ್ನು ಇಡೀ ದಿನ ನೀರಿನ ತೊಟ್ಟಿಯಲ್ಲಿ ಅದುಮಿಟ್ಟು ಅಲ್ಲಾಡಿಸಿ ನೋಡಿದರು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಅದನ್ನು ಒಲೆಯ ಮೇಲೆ ಕಟ್ಟಲು ಹೋದ ನನ್ನ ಗಂಡನನ್ನು ತಡೆದು, ಬಾಗಿಲ ಪಕ್ಕ, ಮೊಮ್ಮಕ್ಕಳ ಕೈಗೆ ಸಿಗುವಷ್ಟು ತಗ್ಗಿನಲ್ಲಿ ಮೊಳೆ ಹೊಡೆಸಿದರು. ಬೀಜಕ್ಕೆ ಮಡಕೆ ಸಾಕು ಬುಡು ಎಂದರು.

ಮಗಳು ಮತ್ತೆ ನೀರಿಗೆ ಇಳಿಯಲು ಕೆಲವು ದಿನ ಹೆದರಿದಳು. ಆಮೇಲೆ ಕಾಲು ಕೇಳಲಿಲ್ಲ. ದಿನಾ ಬೆಳಗ್ಗೆ ನಾವು ಚೀಲ, ಬಾಟಲಿ, ಟಾರ್ಚು, ಬುರುಡೆ ಹೊತ್ತು ಹೊರಟರೆ ಅತ್ತೆಯೂ ಹಿಂದೆ ಬರುತ್ತಿದ್ದರು. ಏರಿಯ ಮೇಲೆ ನಮ್ಮ ಕಂಬಳಿ ಡೇರೆಯಲ್ಲಿ, ನೀರಿಗೆ ಬೆನ್ನು ಹಾಕಿ, ಗದ್ದೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ನೋಡುವ ಧೈರ್ಯವಿಲ್ಲ, ಮನೆಯಲ್ಲಿರುವ ತಾಳ್ಮೆಯಿಲ್ಲ. ಗಳಿಗೆಗೊಮ್ಮೆ ಮೊಮ್ಮಗಳನ್ನು ಕೂಗುತ್ತಿದ್ದರು, ಇದ್ದೀಯಾ ಮಗ, ಎಂದು. ಇವ್ನಿ ಅಜ್ಜಿ ಎಂದು ಮಗಳು ನೀರಿನಿಂದ ಉತ್ತರ ಕೊಡಬೇಕು. ತಡವಾದರೆ ನನಗೆ ಬೈಗುಳ.

ನಾಲೆಗೆ ನೀರು ನಿಲ್ಲಿಸುವ ಕಾಲ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ಅತ್ತೆ ಕೂಗಿದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದರು. ನಾನು ಬಾಯಿ ತೆರೆಯುವುದರೊಳಗೆ ಅವರು ಸೆರಗು ಜಾರಿದ್ದನ್ನೂ ನೋಡದೆ ಎದ್ದು, ನೀರಿನ ಕಡೆ ಪೂರ್ತಿ ತಿರುಗಿಬಿಟ್ಟರು.

ಮಗಳು ಆಚೆ ದಡದಲ್ಲಿ ನಿಂತಿದ್ದಳು. ಏದುಸಿರಿಗೆ ಮಾತು ಬರುತ್ತಿರಲಿಲ್ಲ, ಕೈ ಮಾತ್ರ ಎತ್ತಿ ಆಡಿಸುತ್ತಿದ್ದಳು. ಬುರುಡೆ ಈಚೆ ದಡದಲ್ಲಿ ನನ್ನ ತೊಡೆಯ ಮೇಲಿತ್ತು.

ಅತ್ತೆ ಅವಳನ್ನು ನೋಡಿದರು, ಬುರುಡೆಯನ್ನು ನೋಡಿದರು, ನಡುವೆ ಹರಿಯುತ್ತಿದ್ದ ನೀರನ್ನು ನೋಡಿದರು. ಅವರು ಮೆಟ್ಟಿಲಿಳಿದು ಬಂದು, ನೀರು ಪಾದಕ್ಕೆ ತಾಗುವ ಕಡೆ ಕೂತುಕೊಂಡರು.

“ಈಜ್ಕಂಡು ಬಾ ಮಗ” ಎಂದರು. “ನೋಡ್ತೀನಿ.”