ವಂದನಾರ್ಪಣೆಯವಳು

ಆಹ್ವಾನ ಪತ್ರಿಕೆಯನ್ನು ನೀವು ಎಲ್ಲಿಂದ ಓದಲು ಶುರು ಮಾಡುತ್ತೀರೋ ನನಗೆ ಗೊತ್ತಿಲ್ಲ. ನಾನು ಮಾತ್ರ ಕೆಳಗಿನಿಂದ ಓದುತ್ತೇನೆ. ಮೊನ್ನೆ ಬೆಳಿಗ್ಗೆ ಬಸವೇಶ್ವರನಗರದ ಮನೆಯಲ್ಲಿ ಕಾಫಿ ಹಿಡಿದು ಕೂತಿದ್ದಾಗ ವಾಟ್ಸಾಪಿನಲ್ಲಿ ಒಂದು ಪತ್ರಿಕೆ ಬಂತು. ವಿಜಯನಗರದಲ್ಲಿ ನಾನು ಓದಿದ ಕಾಲೇಜಿನದು. ಹಳೆಯ ವಿದ್ಯಾರ್ಥಿಗಳ ಸಮಾವೇಶ; ವಿಷಯ, ನಾಯಕತ್ವ ಮತ್ತು ಉದ್ಯೋಗಾವಕಾಶಗಳು. ಅಭ್ಯಾಸಬಲದಿಂದ ಬೆರಳು ಸೀದಾ ಕೊನೆಯ ಸಾಲಿಗೆ ಹೋಯಿತು. ವಂದನಾರ್ಪಣೆ: ಕುಮಾರಿ ಸಹನಾ, ಅಂತಿಮ ಬಿ.ಕಾಂ. ಪಾಪ, ಯಾರ ಮನೆ ಮಗುವೋ ಅಂದುಕೊಂಡೆ. ಆಮೇಲೆ ಮೇಲಕ್ಕೆ ಹತ್ತಿದರೆ ಮುಖ್ಯ ಅತಿಥಿಯ ಜಾಗದಲ್ಲಿ ನನ್ನ ಹೆಸರು. ಹಿಂದಿನ ವಾರ ಫೋನಿನಲ್ಲಿ ಹ್ಞೂಂ ಅಂದವಳು ನಾನೇ. ಆದರೂ ಅಚ್ಚಾದ ಮೇಲೆ ನೋಡಿದಾಗ, ಬಸ್ಸಿನಲ್ಲಿ ಬೇರೆಯವರು ಟವೆಲ್ ಹಾಕಿದ ಸೀಟಿನಲ್ಲಿ ಕೂತ ಹಾಗಾಯಿತು.

ನಮ್ಮ ಕಡೆಯ ಕಾಲೇಜು ಕಾರ್ಯಕ್ರಮಗಳನ್ನು ನೀವೂ ನೋಡಿದ್ದೀರಿ. ಪ್ರಾರ್ಥನೆ ದನಿ ಇದ್ದವರಿಗೆ. ಸ್ವಾಗತ, ಮನೆಯಲ್ಲಿ ಅಮ್ಮನ ರೇಷ್ಮೆ ಸೀರೆ ಇದ್ದವರಿಗೆ. ನಿರೂಪಣೆ, ಮಾತು ಶುರು ಮಾಡಿದರೆ ನಿಲ್ಲಿಸಲು ಬಾರದವರಿಗೆ. ಅಧ್ಯಕ್ಷತೆ ಹೇಗೂ ಪ್ರಿನ್ಸಿಪಾಲರದು. ಇಷ್ಟೆಲ್ಲ ಹಂಚಿ ಉಳಿದದ್ದು ವಂದನಾರ್ಪಣೆ. ಅದರ ಸರದಿ ಬರುವ ಹೊತ್ತಿಗೆ ಹಿಂದಿನಿಂದ ಖಾರಾಬಾತು, ಕೇಸರಿಬಾತಿನ ವಾಸನೆ ಬಂದಿರುತ್ತದೆ, ಕುರ್ಚಿಗಳು ಕಿರ್ರೆನ್ನುತ್ತಿರುತ್ತವೆ, ಮೈಕ್ ಸೆಟ್ಟಿನವನು ವೈರು ಸುತ್ತಲು ಶುರು ಮಾಡಿರುತ್ತಾನೆ. ಕೋಣನ ಮುಂದೆ ಕಿನ್ನರಿ ಬಾರಿಸುವುದಾದರೂ ವಾಸಿ, ಕೋಣ ನಿಂತಾದರೂ ಇರುತ್ತದೆ. ಇಲ್ಲಿ ಅದೂ ತಿಂಡಿಗೆ ಎದ್ದು ಹೋಗಿರುತ್ತದೆ. ಇಂಥ ವಂದನಾರ್ಪಣೆಯನ್ನು ಮೂರು ವರ್ಷ ನಾನು ಏಕಚಕ್ರಾಧಿಪತಿಯಾಗಿ ಆಳಿದೆ.

ಪಟ್ಟ ಕಟ್ಟಿದವರು ರಂಗಸ್ವಾಮಿ ಸಾರ್. ಕನ್ನಡ ಪಾಠ ಮಾಡುತ್ತಿದ್ದರು, ಜೊತೆಗೆ ಕಾಲೇಜಿನ ಎಲ್ಲ ಸಮಾರಂಭಗಳ ಉಸ್ತುವಾರಿಯೂ ಅವರದೇ. ಮೊದಲ ವರ್ಷ ನಾನು ಸ್ವಾಗತ ಭಾಷಣದ ಆಸೆ ಇಟ್ಟುಕೊಂಡು ಅವರ ಮುಂದೆ ನಿಂತೆ. ಅವರು ಕನ್ನಡಕ ಮೇಲೆತ್ತಿ ನೋಡಿ, "ನೀನು ಕೊನೇಲಿ ಬಾಮ್ಮ. ಕುರ್ಚಿ ಸದ್ದಿನ ಮೇಲೆ ಕೇಳಿಸೋ ಗಂಟಲು ಈ ಕಾಲೇಜಲ್ಲಿ ನಿಂದೊಂದೇ" ಅಂದರು. ಇದು ಹೊಗಳಿಕೆಯೋ ತೆಗಳಿಕೆಯೋ ಗೊತ್ತಾಗದೆ ಥ್ಯಾಂಕ್ಸ್ ಹೇಳಿ ಬಂದೆ. ಅದು ನನ್ನ ಮೊದಲ ವಂದನಾರ್ಪಣೆ ಎನ್ನಬಹುದು.

ಆದರೆ ಒಂದು ಮಾತು ಹೇಳುತ್ತೇನೆ, ಜಂಬ ಅಂದುಕೊಂಡರೂ ಸರಿ. ಇಡೀ ಕಾರ್ಯಕ್ರಮದಲ್ಲಿ ನಿಜವಾಗಿ ಕೆಲಸ ಕಲಿಸುವ ಜಾಗ ಅದೊಂದೇ. ಸ್ವಾಗತ ಮಾಡುವವಳಿಗೆ ವೇದಿಕೆಯ ಮೇಲಿನ ಐದು ಹೆಸರು ಗೊತ್ತಿದ್ದರೆ ಸಾಕು. ವಂದಿಸುವವಳಿಗೆ ವೇದಿಕೆಯ ಕೆಳಗಿನವರೆಲ್ಲ ಗೊತ್ತಿರಬೇಕು. ಶಾಮಿಯಾನ ಯಾರದು, ಹೂವು ತಂದವರು ಯಾರು, ಕರೆಂಟು ಹೋದಾಗ ಪಕ್ಕದ ಮನೆಯಿಂದ ವೈರು ಎಳೆಸಿಕೊಟ್ಟವರು ಯಾರು. ಒಂದು ಹೆಸರು ಬಿಟ್ಟರೂ ಮುಂದಿನ ವರ್ಷ ಆ ಕೆಲಸ ಆಗುವುದಿಲ್ಲ. ಹಾಗಾಗಿ ಕಾರ್ಯಕ್ರಮದ ಹಿಂದಿನ ದಿನವೆಲ್ಲ ನಾನು ಒಬ್ಬೊಬ್ಬರ ಹತ್ತಿರ ಹೋಗಿ ಅವರು ಏನು ಮಾಡುತ್ತಿದ್ದಾರೆ ಎಂದು ಕೇಳುತ್ತಿದ್ದೆ. ಕೇಳಿ ಕೇಳಿ ಎರಡನೇ ವರ್ಷದ ಹೊತ್ತಿಗೆ ಎಲ್ಲರೂ ನನ್ನನ್ನೇ ಕೇಳತೊಡಗಿದರು. ವಿದ್ಯಾರ್ಥಿ ಸಂಘದ ಅಧ್ಯಕ್ಷ ಮಂಜುನಾಥ. ಎತ್ತರದ ಆಳು, ಗರಿಗರಿ ಜುಬ್ಬಾ. ದೀಪ ಹಚ್ಚುವ ಹೊತ್ತಿನಲ್ಲಿ ಅವನು ನನ್ನ ಕಿವಿಯ ಹತ್ತಿರ ಬಂದು, "ಲೇ, ಬೆಂಕಿಪೊಟ್ಟಣ ಎಲ್ಲೇ ಇದೆ?" ಎನ್ನುತ್ತಿದ್ದ. ನಾಯಕತ್ವ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಆ ಬೆಂಕಿಪೊಟ್ಟಣವೇ ನೆನಪಾಗುತ್ತದೆ. ಮಂಜುನಾಥ ಈಗ ದೊಡ್ಡ ದೊಡ್ಡ ಹೋಟೆಲುಗಳಲ್ಲಿ ನಾಯಕತ್ವದ ತರಬೇತಿ ಕೊಡುತ್ತಾನೆ. ಚೆನ್ನಾಗಿ ಮಾತಾಡುತ್ತಾನೆ, ಸುಳ್ಳು ಹೇಳಬಾರದು.

ಎರಡನೇ ವರ್ಷದ ಕಾಲೇಜು ಡೇ ದಿನ ನಾನು ಒಂದು ತಪ್ಪು ಮಾಡಿದೆ. ಹುಡುಗಿಯರ ಕೋಣೆಗೆ ಫ್ಯಾನ್ ಬೇಕೆಂದು ನಾವು ವರ್ಷವಿಡೀ ಕೇಳಿದ್ದೆವು. ಪ್ರಿನ್ಸಿಪಾಲರು 'ನೋಡೋಣ' ಎಂದಿದ್ದರು. ನೋಡೋಣ ಎಂದರೆ ಕೊಡುತ್ತಾರೆಂದು ನಂಬುವ ವಯಸ್ಸು ಅದು. ವಂದನಾರ್ಪಣೆಯ ಹುಮ್ಮಸ್ಸಿನಲ್ಲಿ, "ಹುಡುಗಿಯರ ಕೋಣೆಗೆ ಫ್ಯಾನ್ ಹಾಕಿಸಿಕೊಟ್ಟ ಪ್ರಾಂಶುಪಾಲರಿಗೆ ಹೃತ್ಪೂರ್ವಕ ವಂದನೆಗಳು" ಎಂದುಬಿಟ್ಟೆ. ಹುಡುಗಿಯರು ಎದ್ದು ನಿಂತು ಚಪ್ಪಾಳೆ ಹೊಡೆದರು. ಪೋಷಕರೂ ಹೊಡೆದರು. ಪ್ರಿನ್ಸಿಪಾಲರು ಒಂದು ಕ್ಷಣ ಸುತ್ತಮುತ್ತ ನೋಡಿ ಕೈಮುಗಿದರು. ಮುಂದಿನ ವಾರವೇ ಫ್ಯಾನ್ ಬಂತು. ರಂಗಸ್ವಾಮಿ ಸಾರ್ ನನ್ನನ್ನು ಕರೆದು, "ಅದು ಇನ್ನೂ ಮಂಜೂರೇ ಆಗಿರ್ಲಿಲ್ಲ ಕಣಮ್ಮ" ಅಂದರು. ಬೈಯುತ್ತಾರೆ ಅಂದುಕೊಂಡೆ. ಅವರ ಮೀಸೆಯಡಿ ನಗು ಕಂಡಿತು.

ಕೊನೆಯ ವರ್ಷ ಬಂತು. ಈಗಿನ ಹಾಗೆ ಕಂಪನಿಗಳು ಕಾಲೇಜಿಗೇ ಬಂದು ಆರಿಸಿಕೊಂಡು ಹೋಗುವುದು ಆಗಲೂ ಇತ್ತು, ಆದರೆ ನಮ್ಮಂಥ ಕಾಲೇಜಿನ ಕಡೆ ಅವು ತಲೆ ಹಾಕುತ್ತಿರಲಿಲ್ಲ. ನನ್ನ ಮಟ್ಟಿಗೆ ಒಂದು ಉದ್ಯೋಗ ಆಗಲೇ ಸಿದ್ಧವಾಗಿತ್ತು. ರಾಜಾಜಿನಗರದಲ್ಲಿ ನಮ್ಮ ಸೋದರತ್ತೆಯ ಫ್ಯಾನ್ಸಿ ಸ್ಟೋರು. "ಪರೀಕ್ಷೆ ಮುಗಿದ ತಕ್ಷಣ ಬಂದು ಕೂತ್ಕೊ. ಬಳೆ, ಕ್ಲಿಪ್ಪು, ಟಿಕ್ಲಿ ನೋಡ್ಕೊಂಡಿದ್ರೆ ಆಯ್ತು. ಹೊರಗಿನೋರ ಹತ್ರ ಯಾಕೆ ಬೈಸ್ಕೋಬೇಕು?" ಅಂತ ಅತ್ತೆ. ಬಳೆ ಮಾರುವುದು ಕೀಳು ಕೆಲಸವೇನಲ್ಲ. ಕಷ್ಟ ಏನೆಂದರೆ ಆ ಅಂಗಡಿಯಲ್ಲಿ ಅತ್ತೆಯೂ ಕೂತಿರುತ್ತಾರೆ. ಹೊರಗಿನವರ ಹತ್ತಿರವೇ ಬೈಸಿಕೊಳ್ಳಬೇಕು, ಸಂಬಂಧವಿಲ್ಲದವರೊಬ್ಬರು ನನ್ನ ಕೆಲಸ ನೋಡಿ ಭೇಷ್ ಅನ್ನಬೇಕು ಎಂಬ ಆಸೆ ನನಗೆ ವಿಪರೀತ ಇತ್ತು. ಅಪ್ಪ ಹೇಳಿದರು, "ನಿನಗೆ ನೀನೇ ಎಲ್ಲಾದ್ರೂ ಹುಡುಕ್ಕೊಂಡ್ರೆ ನಾನು ಬೇಡ ಅನ್ನಲ್ಲ. ಇಲ್ದಿದ್ರೆ ಅತ್ತೆಗೆ ಮಾತು ಕೊಟ್ಟಿದೀನಿ." ಅವರು ಮಾತು ಕೊಟ್ಟರೆ ಮುಗಿಯಿತು.

ಕುರುಬರಹಳ್ಳಿಯ ನಮ್ಮ ಬಾಡಿಗೆ ಮನೆಯಿಂದ ಹೊರಟು ಕಾಮಾಕ್ಷಿಪಾಳ್ಯದ ಸಣ್ಣಪುಟ್ಟ ಕಾರ್ಖಾನೆಗಳ ಗೇಟುಗಳನ್ನೆಲ್ಲ ಸುತ್ತಿದೆ. ಎಲ್ಲ ಕಡೆ ಒಂದೇ ಪ್ರಶ್ನೆ: ಅನುಭವ ಇದೆಯಾ? ಒಂದು ಗೇಟಿನಲ್ಲಿ ಮಾತ್ರ ಕಾವಲುಗಾರ ಅಷ್ಟು ದೂರ ಹೋಗಲೂ ಬಿಡಲಿಲ್ಲ. "ಯಾರು ಹೇಳಿ ಕಳ್ಸಿದ್ರು?" ಅಂದ. ಯಾರೂ ಇಲ್ಲ ಅಂದೆ. "ಹಾಗಾದ್ರೆ ಹೋಗಿ ಯಾರಾದ್ರೂ ಹೇಳೋರನ್ನ ಹುಡುಕ್ಕೊಂಡು ಬನ್ನಿ" ಅಂತ ಬಾಗಿಲು ಹಾಕಿಕೊಂಡ.

ಅದಾಗಿ ಎರಡೇ ವಾರಕ್ಕೆ, ಪರೀಕ್ಷೆ ಮುಗಿದ ಬೆನ್ನಲ್ಲೇ, ಹಳೆಯ ವಿದ್ಯಾರ್ಥಿಗಳ ದಿನ. ಮುಖ್ಯ ಅತಿಥಿ ನಮ್ಮ ಕಾಲೇಜಿನಲ್ಲೇ ಓದಿದ್ದ ಪುಟ್ಟಸ್ವಾಮಿಯವರು. ಹಿಂದಿನ ದಿನ ಅವರ ಪರಿಚಯ ಓದುವಾಗ ಗೊತ್ತಾಯಿತು, ಕಾವಲುಗಾರ ಬಾಗಿಲು ಹಾಕಿಕೊಂಡ ಆ ಗೇಟು ಅವರದೇ ಎಂದು.

ನಾನು ಆ ದಿನ ಒಂದು ಸಣ್ಣ ಬದಲಾವಣೆ ಮಾಡಿಸಿದೆ. ಮುಖ್ಯ ಅತಿಥಿಗಳಿಗೆ ಯಾವಾಗಲೂ ಇನ್ನೊಂದು ಕಾರ್ಯಕ್ರಮ ಇರುತ್ತದೆ. ಮಾತು ಮುಗಿಸಿ, ಶಾಲು ಹೊದಿಸಿಕೊಂಡು, ವಂದನಾರ್ಪಣೆಗೆ ಮುಂಚೆ ಹೊರಟುಬಿಡುತ್ತಾರೆ. "ಸಾರ್, ಸನ್ಮಾನ ವಂದನಾರ್ಪಣೆ ಆದ್ಮೇಲೆ ಇಟ್ಕೊಳ್ಳೋಣ" ಎಂದೆ ರಂಗಸ್ವಾಮಿ ಸಾರ್‌ಗೆ. "ಯಾಕಮ್ಮ?" ಅಂದರು. "ಶಾಲು ಬಿಟ್ಟು ಯಾರೂ ಎದ್ದು ಹೋಗಲ್ಲ ಸಾರ್." ಅವರು ಪಟ್ಟಿಯಲ್ಲಿ ಸಾಲು ಬದಲಿಸಿ, "ಏನೋ ಮಾಡ್ತಾ ಇದೀಯ. ನನಗೆ ಹೇಳ್ಬೇಡ" ಎಂದು ಆ ಕಡೆ ಹೋದರು.

ಪುಟ್ಟಸ್ವಾಮಿಯವರು ಚೆನ್ನಾಗಿಯೇ ಮಾತಾಡಿದರು. ತಾವು ಇದೇ ಕಾಲೇಜಿನ ಬೆಂಚಿನಲ್ಲಿ ಕೂತಿದ್ದನ್ನು ನೆನಪಿಸಿಕೊಂಡರು. ಕೊನೆಗೆ, "ಈ ಕಾಲೇಜಿನ ಮಕ್ಕಳಿಗೆ ನನ್ನ ಫ್ಯಾಕ್ಟರಿಯ ಬಾಗಿಲು ಯಾವಾಗಲೂ ತೆರೆದಿರುತ್ತೆ" ಅಂದರು. ಭಾರಿ ಚಪ್ಪಾಳೆ. ಆ ಬಾಗಿಲನ್ನು ಹೊರಗಿನಿಂದ ನೋಡಿದವಳು ಸಭೆಯಲ್ಲಿ ನಾನೊಬ್ಬಳೇ.

ನನ್ನ ಸರದಿ ಬಂತು. ಕುರ್ಚಿಗಳು ಕಿರ್ರೆಂದವು. ಪುಟ್ಟಸ್ವಾಮಿಯವರು ಗಡಿಯಾರ ನೋಡಿಕೊಂಡರು, ಶಾಲಿನ ತಟ್ಟೆಯನ್ನೂ ನೋಡಿದರು, ಕೂತರು. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡೆ. ಗಂಟಲು ಕೈಬಿಡಲಿಲ್ಲ. "ಬರುವ ಸೋಮವಾರದಿಂದಲೇ ನಮ್ಮ ಅಂತಿಮ ವರ್ಷದ ನಾಲ್ಕು ಮಂದಿಯನ್ನು ತಮ್ಮ ಕಾರ್ಖಾನೆಗೆ ಕೆಲಸ ಕಲಿಯಲು ಕರೆಸಿಕೊಳ್ಳುತ್ತಿರುವ, ಕಾಲೇಜಿನ ಹೆಮ್ಮೆಯ ಹಳೆಯ ವಿದ್ಯಾರ್ಥಿ ಶ್ರೀ ಪುಟ್ಟಸ್ವಾಮಿಯವರಿಗೆ, ಎಲ್ಲ ವಿದ್ಯಾರ್ಥಿಗಳ, ಎಲ್ಲ ತಂದೆತಾಯಿಯರ ಪರವಾಗಿ..." ಮುಂದಿನದು ನನಗೇ ಕೇಳಿಸಲಿಲ್ಲ. ತಿಂಡಿಗೆ ಹೊರಟವರು ಕೂಡ ವಾಪಸು ಬಂದು ಚಪ್ಪಾಳೆ ಹೊಡೆದರು. ಮಂಜುನಾಥ ಶಿಳ್ಳೆ ಹಾಕಿದ. ಪುಟ್ಟಸ್ವಾಮಿಯವರು ಬಾಯಿ ತೆರೆದರು. ಅಷ್ಟರಲ್ಲಿ ಪ್ರಿನ್ಸಿಪಾಲರು ಅವರ ತಲೆಗೆ ಮೈಸೂರು ಪೇಟ ಇಟ್ಟರು.

ಕಾಫಿ ಕುಡಿಯುವಾಗ ಅವರೇ ನನ್ನ ಹತ್ತಿರ ಬಂದರು, ಪೇಟ ಕಂಕುಳಲ್ಲಿ.

"ಏನಮ್ಮ, ನಾಲ್ಕು ಜನ ಅಂತ ನಾನು ಯಾವಾಗ ಹೇಳ್ದೆ?"

"ಬಾಗಿಲು ತೆರೆದಿದೆ ಅಂದ್ರಿ ಸಾರ್. ಎಷ್ಟು ಜನಕ್ಕೆ ಅಂತ ಹೇಳೋದು ಮರೆತ್ರಿ. ನಾನು ಸೇರಿಸ್ಕೊಂಡೆ."

"ಸೋಮವಾರ ಅಂತಾನೂ ನೀನೇ ಸೇರಿಸ್ಕೊಂಡ್ಯಾ?"

"ಹ್ಞೂಂ ಸಾರ್. ಭಾನುವಾರ ರಜ ಅಲ್ವಾ."

ಅವರಿಗೆ ಸಿಟ್ಟು ಬಂದಿತ್ತು, ಸುಳ್ಳಲ್ಲ. ಕಾಫಿಯನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸಿದರು. ಅತ್ತೆಯ ಅಂಗಡಿಯ ಬಳೆಗಳೆಲ್ಲ ನನ್ನ ಕಿವಿಯಲ್ಲಿ ಗಲಗಲ ಎನ್ನುತ್ತಿದ್ದವು. ಲೋಟ ಕೆಳಗಿಟ್ಟು, "ಎಂಟೂವರೆಗೆ ಶಿಫ್ಟು. ಒಂಬತ್ತಕ್ಕೆ ಬಂದ್ರೆ ವಾಪಸ್ ಕಳಿಸ್ತೀನಿ" ಅಂದರು. ಎರಡು ಹೆಜ್ಜೆ ಹೋದವರು ತಿರುಗಿ, "ಗೇಟಲ್ಲಿ ಯಾರು ಕಳ್ಸಿದ್ರು ಅಂತ ಕೇಳ್ತಾನೆ. ನಾನೇ ಅನ್ನು" ಎಂದರು. ಹತ್ತಿರದಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ ರಂಗಸ್ವಾಮಿ ಸಾರ್, "ಇನ್ಮೇಲೆ ನನಗೇನಾದ್ರೂ ಥ್ಯಾಂಕ್ಸ್ ಹೇಳೋದಿದ್ರೆ ಮೊದ್ಲೇ ತಿಳಿಸಮ್ಮ" ಅಂದರು.

ನಾಲ್ಕು ಮಂದಿ ಹೋದೆವು. ಒಬ್ಬಳು ಗ್ರೀಸಿನ ವಾಸನೆ ಆಗದೆ ವಾರದಲ್ಲಿ ಬಿಟ್ಟಳು. ಉಳಿದವರು ಕಲಿತೆವು. ನನ್ನನ್ನು ಮಾಲು ಕಳಿಸುವ ವಿಭಾಗಕ್ಕೆ ಹಾಕಿದರು. ಯಾವ ಲಾರಿ ಎಲ್ಲಿ, ಯಾರು ಲೋಡ್ ಮಾಡಿದರು, ಯಾರು ಕೈಕೊಟ್ಟರು ಎಂದು ತಿಳಿದಿರುವುದೇ ಅಲ್ಲಿನ ಕೆಲಸ. ಮೂರು ವರ್ಷ ಕಾಲೇಜಿನಲ್ಲಿ ನಾನು ಅದನ್ನಲ್ಲದೆ ಇನ್ನೇನು ಮಾಡಿದ್ದೆ? ಹೊರಗಿನವರ ಹತ್ತಿರ ಬೈಸಿಕೊಳ್ಳುವ ಆಸೆಯೂ ಹೊಟ್ಟೆ ತುಂಬ ತೀರಿತು. ಮೊದಲ ಸಲ ಪುಟ್ಟಸ್ವಾಮಿಯವರು ಭೇಷ್ ಅಂದ ದಿನ ನಾನು ಮನೆಗೆ ಹೋಗಿ ಅಮ್ಮನ ಹತ್ತಿರ ಅದನ್ನು ಎಷ್ಟು ಸಲ ಹೇಳಿದೆನೋ.

ಈಗ ಕೆಂಗೇರಿಯ ಹತ್ತಿರ ನನ್ನದೇ ಒಂದು ಸಣ್ಣ ಕಂಪನಿ ಇದೆ. ಔಷಧಿ, ಸಿಹಿತಿಂಡಿಗೆಲ್ಲ ರಟ್ಟಿನ ಪೆಟ್ಟಿಗೆ ಮಾಡುತ್ತೇವೆ. ಪ್ರಕಾಶ್ ಎಂಬುವವರು ನನ್ನ ಪಾಲುದಾರರು. ಒಳ್ಳೆಯವರು, ಬಹಳ ಹುಷಾರು. ಕಳೆದ ತಿಂಗಳು ಕೆಲಸಕ್ಕೆ ಜನ ಬೇಕೆಂದು ಜಾಹೀರಾತು ಕೊಟ್ಟಾಗ 'ಕನಿಷ್ಠ ಎರಡು ವರ್ಷ ಅನುಭವ' ಎಂದು ಅವರೇ ಬರೆದರು. "ಹೊಸಬರಿಗೆ ಕಲ್ಸೋಷ್ಟು ಟೈಮ್ ಎಲ್ಲಿದೆ ಮೇಡಮ್? ಕಲ್ತ ಮೇಲೆ ಬಿಟ್ಟು ಹೋಗ್ತಾರೆ" ಎಂದರು. ನಾನು ಓದಿ, ಸರಿ ಅಂದೆ. ಎಷ್ಟು ಸಲೀಸಾಗಿ ಅಂದೆ ನೋಡಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಇದಕ್ಕೇ ಅನ್ನುವುದು. ಸಮಾವೇಶಕ್ಕೆಂದು ಬರೆದಿಟ್ಟುಕೊಂಡ ನನ್ನ ಭಾಷಣದಲ್ಲಿ, ಕಾಲೇಜಿನ ಮಕ್ಕಳಿಗೆ ನಮ್ಮಲ್ಲಿ ಸದಾ ಅವಕಾಶವಿದೆ ಎಂಬ ಸಾಲೂ ಇತ್ತು.

ಮೊನ್ನೆ ಆ ಆಹ್ವಾನ ಪತ್ರಿಕೆ ಬಂದ ಅರ್ಧ ಗಂಟೆಗೆ ಫೋನ್ ಬಂತು.

"ಮ್ಯಾಮ್, ನಾನು ಸಹನಾ. ವೋಟ್ ಆಫ್ ಥ್ಯಾಂಕ್ಸ್ ನಂದು. ಒಂದು ಸಣ್ಣ ಡೌಟ್. ನಿಮಗೆ ಏನಂತ ಥ್ಯಾಂಕ್ಸ್ ಹೇಳ್ಲಿ? 'ತಮ್ಮ ಅಮೂಲ್ಯ ಸಮಯವನ್ನು ನೀಡಿ' ಅಂತ ಬರ್ಕೊಂಡಿದೀನಿ. ಓಕೆನಾ?"

"ಅದಿರ್ಲಿ. ಡಿಗ್ರಿ ಆದ್ಮೇಲೆ ಏನ್ ಮಾಡ್ಬೇಕು ಅಂತಿದೀಯಮ್ಮ?"

"ಟ್ರೈ ಮಾಡ್ತಾನೇ ಇದೀನಿ ಮ್ಯಾಮ್. ಎಲ್ಲಾ ಕಡೆ ಎಕ್ಸ್‌ಪೀರಿಯನ್ಸ್ ಕೇಳ್ತಾರೆ. ಯಾರಾದ್ರೂ ತಗೊಂಡ್ರೆ ತಾನೇ ಎಕ್ಸ್‌ಪೀರಿಯನ್ಸ್ ಬರೋದು?" ಎಂದಳು. ಎಂದವಳೇ ಗಾಬರಿಯಾಗಿ, "ಸಾರಿ ಮ್ಯಾಮ್, ನಿಮಗೆ ಹೇಳಿದ್ದಲ್ಲ" ಎಂದಳು.

ನನಗೇ ಹೇಳಿದ್ದು. ಕಾಫಿ ಆರಿಹೋಗಿತ್ತು, ನನಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಹಳೆಯ ಹುಮ್ಮಸ್ಸೂ ಬಂತು.

"ಬರ್ಕೊಳಮ್ಮ. 'ಈ ವರ್ಷದಿಂದಲೇ ನಮ್ಮ ಕಾಲೇಜಿನ ಮೂವರನ್ನು, ಅನುಭವ ಕೇಳದೆ, ತಮ್ಮ ಕಂಪನಿಗೆ ತೆಗೆದುಕೊಳ್ಳುತ್ತಿರುವುದಕ್ಕೆ.' ನನ್ನ ಹೆಸರಿನ ಜೊತೆ ಪ್ರಕಾಶ್ ಅಂತ ನಮ್ಮ ಪಾರ್ಟ್ನರ್ ಹೆಸರೂ ಸೇರಿಸು. ಜೋರಾಗಿ ಓದ್ಬೇಕು."

"ಅಯ್ಯೋ ಮ್ಯಾಮ್, ನಿಜವಾಗ್ಲೂ ತಗೊಳ್ತಿದೀರಾ?"

"ಇನ್ನೂ ಇಲ್ಲ. ನೀನು ಓದಿದ್ ಮೇಲೆ ತಗೊಳ್ಳಲೇಬೇಕಾಗುತ್ತೆ."

ಹುಡುಗಿ ಚುರುಕು. ಒಂದೇ ಉಸಿರಿನಷ್ಟು ಯೋಚಿಸಿದಳು. "ಮ್ಯಾಮ್, ಆ ಮೂವರಲ್ಲಿ ನಾನೂ..."

"ಓದೋಳು ನೀನು. ಸೇರಿಸ್ಕೊ."

ಫೋನ್ ಇಟ್ಟು, ಮನಸ್ಸು ಬದಲಾಗುವ ಮುಂಚೆ ಪ್ರಕಾಶ್‌ಗೆ ಫೋನ್ ಮಾಡಿದೆ. ಶನಿವಾರ ಬಿಡುವಿದೆಯಾ, ನಮ್ಮ ಕಾಲೇಜಿಗೆ ನನ್ನ ಜೊತೆ ಬರಬೇಕು, ಮುಂದಿನ ಸಾಲಿನಲ್ಲೇ ಕೂರಬೇಕು, ಎಲ್ಲರ ಮುಂದೆ ನಿಮ್ಮ ಹೆಸರು ಹೇಳಿ ವಂದಿಸುತ್ತಾರೆ ಎಂದೆ.

"ನನಗಾ? ಆ ಕಾಲೇಜಿಗೆ ನಾನೇನ್ ಮಾಡಿದೀನಿ ಮೇಡಮ್?"

"ಬಹಳ ದೊಡ್ಡ ಕೆಲಸ ಮಾಡಿದೀರ ಪ್ರಕಾಶ್" ಎಂದೆ. "ಶನಿವಾರ ಗೊತ್ತಾಗುತ್ತೆ."