ನಾಲ್ಕು ತಾಲ್ಲೂಕಿಗೆ ಇಬ್ಬರೇ ಉರ್ಸುಲಾ

ಕೋವಿಡ್ ಮುಗಿದು ಮಾಸ್ಕುಗಳೆಲ್ಲ ಬೀರುವಿನ ತಳ ಸೇರಿದ್ದ ವರ್ಷದ ಬೇಸಿಗೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಡಾಕ್ಟರ್ ಹುದ್ದೆಯಿಂದ ನಿವೃತ್ತಳಾಗಿ ನಾನು ಮಧುಗಿರಿಯಲ್ಲೇ ಉಳಿದುಕೊಂಡಿದ್ದೆ. ಬೆಳಿಗ್ಗೆ ಎರಡು ಗಂಟೆ ಕ್ಲಿನಿಕ್, ಮಿಕ್ಕ ಹೊತ್ತು ಬೆಟ್ಟ ನೋಡುತ್ತ ಕಾಫಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಬಿಟ್ಟು ಬೇರೆಡೆಗೆ ಇಲಾಖೆ ನನ್ನನ್ನು ವರ್ಗ ಮಾಡಲೇ ಇಲ್ಲ, ನಾನೂ ಕೇಳಲಿಲ್ಲ. ನಿಮ್ಮ ವೃತ್ತಿಯ ಮೋಸ್ಟ್ ಮೆಮೊರಬಲ್ ಕೇಸ್ ಯಾವುದು ಎಂದು ಯಾರಾದರೂ ಕೇಳಿದರೆ, ರೋಗಿಯೂ ಇಲ್ಲದ ಕಾಯಿಲೆಯೂ ಇಲ್ಲದ ಒಂದು ಕೇಸ್ ನೆನಪಾಗುತ್ತದೆ. ಅದರಲ್ಲಿ ಇದ್ದದ್ದು ಒಂದು ಹೆಸರು. ಅದೂ ನನ್ನದೇ.

ನನ್ನ ಹೆಸರು ಉರ್ಸುಲಾ. ಅಜ್ಜಿ ಭಕ್ತಿಯಿಂದ ಆರಿಸಿದ ಸಂತಳೊಬ್ಬಳ ಹೆಸರು. ಕಾನ್ವೆಂಟಿನಲ್ಲಿ ಲ್ಯಾಟಿನ್ ಬಲ್ಲ ಸಿಸ್ಟರ್ ಒಬ್ಬರು ಇಡೀ ಕ್ಲಾಸಿನ ಮುಂದೆ ಅದರ ಅರ್ಥ ಬಿಡಿಸಿ ಹೇಳಿಬಿಟ್ಟರು: ಪುಟ್ಟ ಹೆಣ್ಣು ಕರಡಿ. ಅಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ನಾನು ಕಾರಿಡಾರಿನಲ್ಲಿ ನಡೆದರೆ ಹುಡುಗಿಯರು ‘ಗುರ್ರ್’ ಎನ್ನುತ್ತಿದ್ದರು. ಡಾಕ್ಟರಾದ ಮೇಲೆ ಅರ್ಥವಿರಲಿ, ಹೆಸರೇ ಯಾರಿಗೂ ಬೇಕಾಗಲಿಲ್ಲ. ಎಲ್ಲರಿಗೂ ‘ಡಾಕ್ಟ್ರಮ್ಮ’. ಅಪ್ಪ, ಅಮ್ಮ, ಅಕ್ಕಂದಿರು ಒಬ್ಬೊಬ್ಬರಾಗಿ ಹೋದರು. ಹೆಸರು ಹಿಡಿದು ನನ್ನನ್ನು ಕರೆಯುವವರು ಯಾರೂ ಉಳಿಯಲಿಲ್ಲ. ಕೆಲವು ಸಂಜೆ ಕನ್ನಡಿಯ ಮುಂದೆ ನಾನೇ ಒಂದು ಸಲ ಕರೆದುಕೊಂಡದ್ದುಂಟು. ಸಿಲ್ಲಿ, ಐ ನೋ.

ಈ ಹೆಸರಿಗೆ ಎರಡನೇ ವಾರಸುದಾರಳು ಹುಟ್ಟಿದ್ದು ಕೊರಟಗೆರೆಯಲ್ಲಿ, ನಾನಿನ್ನೂ ಸರ್ವಿಸಿನಲ್ಲಿದ್ದಾಗ. ಬ್ರೀಚ್ ಡೆಲಿವರಿ. ಅಂದರೆ ತಲೆಯ ಬದಲು ಮಗುವಿನ ಹಿಂಭಾಗ ಮುಂದಾಗಿ ಬರುವುದು. ಅರಿವಳಿಕೆ ಡಾಕ್ಟರ್ ರಜೆಯಲ್ಲಿದ್ದರು, ತುಮಕೂರಿಗೆ ಕಳಿಸಲು ಹೊತ್ತಿರಲಿಲ್ಲ. ಉಸಿರು ಬಿಗಿಹಿಡಿದು ಕೈಯಲ್ಲೇ ನಿಭಾಯಿಸಿದೆ. ಮಗು ಅತ್ತಿತು. ಅದರಪ್ಪ ಹನುಮಂತರಾಯಪ್ಪ, ಚನ್ನರಾಯನದುರ್ಗದ ಟ್ರಾಕ್ಟರ್ ಡ್ರೈವರ್, ಮಗುವಿಗಿಂತ ಜೋರಾಗಿ ಅತ್ತ.

“ನಿಮ್ ಹೆಸ್ರೇನು ಡಾಕ್ಟ್ರಮ್ಮ? ಅದ್ನೇ ಇಕ್ತೀನಿ ಮಗೀಗೆ.”

“ಬೇಡಪ್ಪ. ರೇಖಾ ಅಂತ ಇಡು, ಗೀತಾ ಅಂತ ಇಡು.”

“ರೇಖ, ಗೀತ ನಮ್ ಬೀದೀಲೇ ಬೇಕಾದಷ್ಟು ಅವ್ರೆ. ನಿಮ್ದು ಹೇಳಿ.”

ಹೇಳಿದೆ. ಅವನು ಅದನ್ನು ಬಾಯಲ್ಲಿ ಒಂದು ಸುತ್ತು ಹೊರಳಿಸಿ ನೋಡಿದ. “ಆಗ್ಲಿ ಬುಡಿ. ಒಗ್ಗುತ್ತೆ.”

ಒಗ್ಗಿತು. ಚನ್ನರಾಯನದುರ್ಗದಲ್ಲಿ ಅದು ಉರ್ಸುಲಮ್ಮ ಆಯಿತು, ಅವಳ ಅವ್ವನಿಗೆ ಸಿಟ್ಟು ಬಂದಾಗ ‘ಲೇ ಉರ್ಸುಲಿ’ ಆಯಿತು. ಹುಡುಗಿ ಐಟಿಐ ಎಲೆಕ್ಟ್ರಿಷಿಯನ್ ಮಾಡಿ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್ ಆದಳು. ವರ್ಷವೂ ತನ್ನ ಹುಟ್ಟುಹಬ್ಬಕ್ಕೆ ಫೋನು. “ಉರ್ಸುಲಾ ಮಾತಾಡ್ತಿರೋದು” ಎನ್ನುತ್ತಿದ್ದಳು. “ಇಲ್ಲೂ ಉರ್ಸುಲಾನೇ, ಹೇಳಮ್ಮ” ಎನ್ನುತ್ತಿದ್ದೆ. ಅಷ್ಟಕ್ಕೇ ಇಬ್ಬರೂ ನಗುತ್ತಿದ್ದೆವು.

ಆ ಬೇಸಿಗೆ ಅಪ್ಪ ಮಗಳು ಒಟ್ಟಿಗೇ ಕ್ಲಿನಿಕ್ಕಿಗೆ ಬಂದರು. ಹುಡುಗಿ ಜೊತೆಯಲ್ಲಿ ಕೆಲಸ ಮಾಡುವ ಆಂಜನೇಯ ಎಂಬ ಹುಡುಗನನ್ನು ಒಪ್ಪಿದ್ದಳು. ಪ್ಯಾನೆಲ್ ಕೆಳಗೆ ಕೇರೆಹಾವು ಬಂದಾಗ ಅವನು ಜೀಪಿನ ಮೇಲೆ ಹತ್ತಿ ನಿಂತಿದ್ದನಂತೆ, ಇವಳು ಕೋಲಿನಿಂದ ಹಾವನ್ನು ಅತ್ತ ಸರಿಸಿ, “ಇಳಿಯೋ, ಹೋಯ್ತು” ಅಂದಳಂತೆ. ಪ್ರೀತಿ ಅಲ್ಲೇ ಶುರು. ಪಾರ್ಕಿನ ಪಕ್ಕದ ಹಳ್ಳಿ ರಾಯಚರ್ಲಿನ ಹುಡುಗ, ಜಾತಿ, ಜಾತಕ ಎಲ್ಲ ಕೂಡಿತ್ತು. ಕೂಡದೆ ಉಳಿದದ್ದು ಹೆಸರು.

ಅವರ ಮನೆಯಲ್ಲಿ ಒಂದು ಪದ್ಧತಿ. ಧಾರೆಯಾದ ಮೇಲೆ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಯುತ್ತಾರೆ. ಹುಡುಗನ ಅಜ್ಜಿ ಓಬುಳಮ್ಮ ಬಂದ ಸೊಸೆಯರಿಗೆಲ್ಲ ಲಕ್ಷ್ಮಿಯ ಹೆಸರನ್ನೇ ಇಟ್ಟಿದ್ದರು: ದೊಡ್ಡಲಕ್ಷ್ಮಿ, ವರಲಕ್ಷ್ಮಿ, ಜಯಲಕ್ಷ್ಮಿ. ಇವಳಿಗೆ ಭಾಗ್ಯಲಕ್ಷ್ಮಿ ರೆಡಿಯಾಗಿತ್ತು.

“ಹೆಸ್ರು ತೆಗೆದ್ರೆ ಮದ್ವೇನೇ ಬ್ಯಾಡ ಅಂದ್ಬುಟ್ಟೆ ಡಾಕ್ಟ್ರೇ,” ಎಂದಳು ಹುಡುಗಿ. ಕಣ್ಣು ತುಂಬಿತ್ತು. “ಆಂಜಿ ನಂಗೆ ಬೇಕು. ಆದ್ರೆ ಆ ಮನೇಲಿ ಲಕ್ಷ್ಮೀ ಅಂದ್ರೆ ಮೂರು ಜನ ತಿರುಗ್ತಾರೆ. ನಾನು ನಾಲ್ಕನೇವ್ಳು ಆಗಲ್ಲ.”

ಹನುಮಂತರಾಯಪ್ಪ ಕೈಮುಗಿದ. “ಅಜ್ಜಿ ಒಂದ್ ಮಾತು ಹೇಳವ್ರೆ. ಅರ್ಥ ಗೊತ್ತಿಲ್ದ ಹೆಸ್ರು ನಮ್ ಅಕ್ಕಿ ಮೇಲೆ ಬರೆಯಾಕಿಲ್ಲ, ಅರ್ಥ ಚೆಂದಾಗಿದ್ರೆ ಇರ್ಲಿ ಅಂತ. ನೀವು ಬಂದು ಅರ್ಥ ಹೇಳ್ಬುಡಿ ತಾಯಿ. ವಿಲಾಯ್ತಿ ರಾಣಿ ಹೆಸ್ರು ಅಂತ ನಾನಾಗ್ಲೇ ಊರೆಲ್ಲ ಹೇಳ್ಬುಟ್ಟಿದೀನಿ.”

ನನ್ನ ಕೈಲಿದ್ದ ಕಾಫಿ ಆರಿತು. ಈ ಸೀಮೆಯಲ್ಲಿ ಕರಡಿ ಎಂದರೆ ಕಥೆಯ ಪ್ರಾಣಿಯಲ್ಲ. ಬೆಟ್ಟದಿಂದ ಇಳಿದು ಬಂದು ಗುಡಿಯ ದೀಪದ ಎಣ್ಣೆ ಕುಡಿದು ಹೋಗುತ್ತದೆ. ಕರಡಿ ಕೈಗೆ ಸಿಕ್ಕಿ ಮುಖ ಹರಿಸಿಕೊಂಡವರಿಗೆ ನಾನೇ ಹೊಲಿಗೆ ಹಾಕಿದ್ದೇನೆ. ಅಂಥ ಊರಿಗೆ ಹೋಗಿ ನಿಮ್ಮ ಸೊಸೆ ಹೆಣ್ಣು ಕರಡಿ ಎಂದು ಹೇಳುವುದು ಹೇಗೆ?

ಭಾನುವಾರ ಬಾಡಿಗೆ ಓಮ್ನಿಯಲ್ಲಿ ಹೊರಟೆವು. ರಾಯಚರ್ಲಿನ ಸುತ್ತ ಕಣ್ಣು ಹಾಯುವಷ್ಟೂ ನೀಲಿ ಪ್ಯಾನೆಲ್ಲು. ಊರಲ್ಲಿ ಕರೆಂಟಿಗೆ ಬರವಿಲ್ಲ, ಫೋನಿಗೆ ಮಾತ್ರ ಸಿಗ್ನಲ್ಲಿಲ್ಲ. ಪಡಸಾಲೆಯಲ್ಲಿ ಎಲೆಯಡಿಕೆ ತಟ್ಟೆಯ ಹಿಂದೆ ಓಬುಳಮ್ಮ ಕೂತಿದ್ದರು. ಕಂಬಕ್ಕೆ ಅಂಟಿಕೊಂಡು ಆಂಜನೇಯ. ಅವನ ಸೋದರಮಾವ ಮೊಬೈಲ್ ಹಿಡಿದು ಜಗಲಿ ಕಟ್ಟೆಯ ಮೇಲೆ ನಿಂತಿದ್ದ.

“ರಾ ತಲ್ಲಿ, ಕೂಕೋ,” ಎಂದರು ಅಜ್ಜಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ. “ಈ ಪಿಲ್ಲ ನಿನ್ ಹೆಸ್ರು ಇಟ್ಕೊಂಡವ್ಳಂತೆ. ಏನಮ್ಮ ಅದ್ರ ಅರ್ಥ?”

ನಮ್ಮ ವೈದ್ಯಶಾಸ್ತ್ರದಲ್ಲಿ ‘ಬ್ರೇಕಿಂಗ್ ಬ್ಯಾಡ್ ನ್ಯೂಸ್’ ಎಂಬ ಒಂದು ಪಾಠವಿದೆ. ಕೆಟ್ಟ ಸುದ್ದಿಯನ್ನು ಮನೆಯವರಿಗೆ ಮೆಲ್ಲಮೆಲ್ಲಗೆ ತಿಳಿಸುವ ವಿಧಾನ. ಮೊದಲು ಕುಳಿತುಕೊಳ್ಳಬೇಕು, ದನಿ ತಗ್ಗಿಸಬೇಕು, ಪೀಠಿಕೆ ಹಾಕಬೇಕು. ಜೀವಮಾನವೆಲ್ಲ ಪ್ರ್ಯಾಕ್ಟೀಸ್ ಮಾಡಿದ ವಿದ್ಯೆಯನ್ನು ಬಿಚ್ಚಿದೆ. ಸಂತಳ ಮಹಿಮೆ ಹೇಳಿದೆ. ಲ್ಯಾಟಿನ್ ಎಂಬ ಪುರಾತನ ಭಾಷೆ, ನಮ್ಮ ಸಂಸ್ಕೃತ ಇದ್ದ ಹಾಗೆ, ಎಂದೆ. ಹೆಸರು ಬಹಳ ಅಪರೂಪ, ನಾಲ್ಕು ತಾಲ್ಲೂಕಿಗೆ ನಾವಿಬ್ಬರೇ ಇರಬೇಕು, ಎಂದೆ.

“ಅದೆಲ್ಲ ಸರಿ. ಅರ್ಥ?”

“ಅರ್ಥ ಅಂದರೆ... ಶಕ್ತಿವಂತೆ, ಕಾಡಿನಲ್ಲಿ...”

“ಬಂತು, ಬಂತು!” ಎಂದು ಸೋದರಮಾವ ಕಟ್ಟೆಯ ಮೇಲೆ ಕುಣಿದ. “ಒಂದು ಗೆರೆ ಸಿಗ್ನಲ್ ಬಂತು! ಹೆಸ್ರಿನ ಅರ್ಥ ಹೇಳೋ ವೆಬ್‌ಸೈಟು ತಿರುಗ್ತಾ ಐತೆ!”

ಅವನ ಬಾಯಿಂದ ಬರುವುದಕ್ಕಿಂತ ನನ್ನ ಬಾಯಿಂದಲೇ ಬರಲಿ ಎಂದು ಕಣ್ಣು ಮುಚ್ಚಿ ಹೇಳಿದೆ. “ಕರಡಿ. ಪುಟ್ಟ ಹೆಣ್ಣು ಕರಡಿ.”

ಹನುಮಂತರಾಯಪ್ಪ ನನ್ನ ಕಡೆ ನೋಡಿದ ನೋಟವನ್ನು ಇವತ್ತಿಗೂ ಮರೆತಿಲ್ಲ. ಹುಡುಗಿ ಮೆಲ್ಲಗೆ ಎದ್ದು ಚಪ್ಪಲಿ ಹುಡುಕತೊಡಗಿದಳು.

“ಎಲುಗುಬಂಟಾ?” ಎಂದರು ಓಬುಳಮ್ಮ, ತೆಲುಗಿನಲ್ಲಿ. ಆಮೇಲೆ ಖಾತ್ರಿ ಮಾಡಿಕೊಳ್ಳಲು ಕನ್ನಡದಲ್ಲಿ: “ಕರಡೀನಾ?”

“ಹೌದಮ್ಮ.”

“ಲೇ ಆಂಜಿ, ಬಾರ್ಲಾ ಇಲ್ಲಿ!” ಕಂಬ ಬಿಟ್ಟು ಅವನು ಬಂದ. ಅಜ್ಜಿ ಅವನ ಸೊಂಟ ಮುಟ್ಟಿ ನನ್ನ ಕಡೆ ತಿರುಗಿದರು. “ನೋಡಮ್ಮ. ನಮ್ ಕಾಲ್ದಾಗೆ ಶಿರಾ ಕಡೆಯಿಂದ ಕರಡಿ ಆಡ್ಸೋ ಸಾಬ್ರು ಬರೋರು. ಬಚ್ಚಾ ಕೂರ್ಸಮ್ಮಾ, ಡರ್ ಹೋಗ್ತದೆ ಅನ್ನೋರು. ಮಗೀನ ಕರಡಿ ಬೆನ್ ಮೇಲೆ ಕೂರ್ಸಿ ಒಂದ್ ಸುತ್ತು ಹಾಕಿ, ಒಂದ್ ಕೂದ್ಲು ತಾಯತದಾಗೆ ಇಕ್ಕಿ ಸೊಂಟಕ್ಕೆ ಕಟ್ಟುದ್ರೆ ಜನ್ಮಕ್ಕೇ ಭಯ ಇಲ್ಲ. ಇವ್ರಪ್ಪ ಕೂತಿದ್ದ. ಆ ಕಟ್ಟೆ ಮೇಲೆ ಕುಣೀತಾನಲ್ಲ, ಅವ್ನೂ ಕೂತಿದ್ದ. ಇವ್ನು ಹುಟ್ಟೋ ಹೊತ್ಗೆ ಕರಡಿ ಆಡ್ಸಂಗಿಲ್ಲ ಅಂದ್ಬುಟ್ರು. ಅದ್ಕೇ ಇವ್ನು ಇಂಗೆ! ಹೊತ್ತು ಮುಳುಗಿದ್ರೆ ಹಿತ್ಲಿಗೂ ಹೋಗಲ್ಲ, ಪುಕ್ಲ ನನ್ಮಗ!”

“ಅಜ್ಜೀ,” ಎಂದ ಆಂಜನೇಯ, ನೆಲ ನೋಡುತ್ತ.

“ಬಾಯ್ ಮುಚ್ಚಲೇ. ಕೂಸಾಗಿದ್ದಾಗಿಂದ ಇವ್ನಿಗೊಂದು ಕರಡಿ ಹುಡುಕ್ತಿದ್ದೆ ಕಣಮ್ಮ. ಮನೆ ಬಾಗ್ಲಿಗೇ ತಂದು ಬುಟ್ರಲ್ಲ!” ಎಂದವರೇ ಬಾಗಿಲ ಕಡೆ ಕೂಗಿದರು, “ಏಯ್ ಕರಡಿ, ಚಪ್ಲಿ ಬುಡು! ಒಳಗ್ ಬಾ!”

ಅಷ್ಟು ಹೊತ್ತಿಗೆ ಸೋದರಮಾವನ ವೆಬ್‌ಸೈಟು ತೆರೆದುಕೊಂಡಿತ್ತು. “ಅತ್ತೆ, ಈ ಹೆಸ್ರು ಈಗ ಅಷ್ಟು ಫೇಮಸ್ ಇಲ್ವಂತೆ,” ಎಂದು ಅವನು ಓದಿದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮದುವೆ ಪಾವಗಡದಲ್ಲಾಯಿತು. ಪುರೋಹಿತರು ಅಕ್ಕಿ ಹರಡಿ ಹೊಸ ಹೆಸರು ಕೇಳಿದಾಗ ಓಬುಳಮ್ಮ, “ಹಳೇದೇ ಬರೀರಿ, ಚೆಂದಾಗೈತೆ” ಎಂದರು. ಆಂಜನೇಯ ಉಂಗುರ ಹಿಡಿದು, ಉರ್ಸುಲಾ ಎಂದು ಬರೆದ. ಅಕ್ಕಿಯ ಮೇಲೆ ಆ ಹೆಸರು ನೋಡಿ ನಾನು ಕರ್ಚೀಫ್ ತೆಗೆಯಬೇಕಾಯಿತು. ಆಗಲೇ ಯಾರೋ “ಉರ್ಸುಲಾ!” ಎಂದು ಕೂಗಿದರು. ಹುಡುಗಿಗಿಂತ ಮೊದಲು ನಾನು ತಿರುಗಿದ್ದೆ.

ಈ ಕೇಸ್ ನನಗೆ ಕಲಿಸಿದ್ದು ಇಷ್ಟು: ಸುದ್ದಿ ಎಂಥದೇ ಇರಲಿ, ಪೀಠಿಕೆ ಬೇಡ, ಮನೆಯ ಅತ್ಯಂತ ಹಿರಿಯ ಹೆಂಗಸಿಗೆ ನೇರವಾಗಿ ಹೇಳಿಬಿಡಿ. ನಮಗೆ ಭಾರವೆನಿಸಿದ್ದಕ್ಕೂ ಅವರು ಏನಾದರೊಂದು ಉಪಯೋಗ ಹುಡುಕುತ್ತಾರೆ. ಇದನ್ನು ನನಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ.

ಉಪಯೋಗ ಎಂದೆನಲ್ಲ. ಮದುವೆಯಾಗಿ ತಿಂಗಳೊಪ್ಪತ್ತಿಗೆ ಫೋನ್ ಬಂತು.

“ಉರ್ಸುಲಾ ಮಾತಾಡ್ತಿರೋದು. ಡಾಕ್ಟ್ರೇ, ಬೆನ್ನುನೋವಿಗೆ ಯಾವ ಮಾತ್ರೆ ತಗೋಬೇಕು?”

“ಯಾಕಮ್ಮ, ಪ್ಯಾನೆಲ್ ಎತ್ತಿದೆಯಾ?”

“ಇಲ್ಲ. ಊರಾಗೆ ಯಾವ ಮಗು ಹೆದರ್ಕೊಂಡ್ರೂ ಅಜ್ಜಿ ಕರ್ಕೊಂಬಂದು ನನ್ ಬೆನ್ ಮೇಲೆ ಕೂರಿಸ್ತಾರೆ. ಪಡಸಾಲೇಲಿ ಒಂದ್ ಸುತ್ತು. ಭಾನುವಾರ ಬಂದ್ರೆ ಕ್ಯೂ.” ದನಿ ತಗ್ಗಿಸಿದಳು. “ಅಜ್ಜಿ ಕೇಳ್ತಿದ್ರು. ಮಧುಗಿರೀಲಿ ಇನ್ನೊಂದು ಕರಡಿ ಸುಮ್ನೆ ಕೂತೈತಲ್ಲ, ವಾರಕ್ಕೊಂದಿನ ಬರಾಕಾಗುತ್ತಾ ಅಂತ.”