ದುರ್ಗದಬೈಲಿನ ಹಸರು ಪೆನ್ನು

ಹೊಸಾ ಪೆನ್ನು ಕೈಗೆ ಬಂದ್ರ ಮಂದಿ ಮೊದಲ ಏನು ಬರೀತಾರ, ನೋಡೀರೇನು? ಕೆಲವರು ತಮ್ಮ ಹೆಸರು ಬರೀತಾರ, ಕೆಲವರು ಸಹಿ ಮಾಡ್ತಾರ. ನಮ್ಮ ಕಾಲದಾಗ ಭಾಳ ಮಂದಿ ‘ಶ್ರೀ’ ಬರೀತಿದ್ರು. ನಾನು ಮಾತ್ರ ಇವತ್ತಿಗೂ ಅಂಗಡ್ಯಾಗ ಯಾರರ ಪೆನ್ನು ಪರೀಕ್ಷಾ ಮಾಡಾಕತ್ರ ಮೊದಲ ಬಾಗಲದ ಕಡೆ ನೋಡ್ತೇನಿ. ಮೊಮ್ಮಕ್ಕಳು ನಗತಾವ. ನಗಲಿ ಬಿಡ್ರಿ, ಅವಕ್ಕೇನು ಗೊತ್ತು!

ನಮ್ಮಪ್ಪ ಹುಬ್ಬಳ್ಳಿಯೊಳಗ ಸರಕಾರಿ ಕನ್ನಡ ಸಾಲಿ ಮಾಸ್ತರ. ಅಂಜುಬುರುಕ ಅಂದ್ರ ಅಂಥಾ ಇಂಥಾ ಅಂಜುಬುರುಕ ಅಲ್ಲ, ಪೊಲೀಸರ ಟೊಪಿಗಿ ದೂರದಾಗ ಕಂಡ್ರೂ ಓಣಿ ಬದಲಿ ಮಾಡ್ತಿದ್ರು. ಚಳವಳಿ ಜೋರಿದ್ದ ವರ್ಷ ಅದು. ದಿನಾ ಹುಡುಗರ ಗುಂಪು ಸಾಲಿ ಮುಂದ ಹಾದು, “ಭಾರತ ಬಿಟ್ಟು ತೊಲಗಿರಿ” ಅಂತ ಒದರಿಕೋತ ಹೋಗ್ತಿತ್ತು. ಅಪ್ಪ ಲಗೂನ ಎದ್ದು ಕಿಡಕಿ ಮುಚ್ಚಿ, ಮಕ್ಕಳ ಕಡಿಂದ ಗಂಟಲ ಹರಿಯೂ ಹಂಗ ಮಗ್ಗಿ ಹೇಳಸ್ತಿದ್ರು. ಅವರ ಜೋಡಿ ಕಲಸೂ ಮಾಸ್ತರೊಬ್ಬರ ಚೀಲದಾಗ ಕರಪತ್ರ ಸಿಕ್ಕು, ಅವರನ್ನ ಸಾಲಿಯಿಂದನ ಹಿಡಕೊಂಡು ಹೋಗಿದ್ರು. ಹೆಂಡತಿ ಮಕ್ಕಳು ತವರು ಸೇರಿದ್ರು, ಮನಿಗೆ ಕೀಲಿ ಬಿತ್ತು. ಆ ಕೀಲಿ ನೋಡಿದಾಗಿಂದ ಅಪ್ಪಗ ಊಟ ಸೇರ್ತಿದ್ದಿಲ್ಲ. “ನನಗೇನರ ಆದ್ರ ನಿಮ್ಮನ್ನ ಯಾರು ನೋಡ್ತಾರವ್ವಾ?” ಅಂತಿದ್ರು. ನಮ್ಮವ್ವ ಮೊದಲ ತೀರಿಕೊಂಡಿದ್ಲು. ಮನ್ಯಾಗ ನಾನು, ಸಣ್ಣ ತಮ್ಮಂದಿರು, ಕಣ್ಣು ಕಾಣದ ಅಜ್ಜಿ. ಯಾರು ನೋಡ್ತಾರ, ಖರೇ ಮಾತು.

ಅಂಥಾದ್ರಾಗ ನಂದು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷಾ ಬಂತು. ಟಾಕಿನ ಕಡ್ಡಿ ಶಾಯಿ ದೌತ್ಯಾಗ ಎದ್ದಿ ಎದ್ದಿ ಬರೆಯೂ ನನ್ನ ಅಕ್ಷರದ ಮ್ಯಾಲೆ ಶಾಯಿ ಕಲಿ ಬೀಳದ ದಿನಾ ಇದ್ದಿಲ್ಲ. “ನಿನಗೊಂದು ಪೆನ್ನು ಕೊಡಸ್ತೇನಿ, ನಡಿ” ಅಂತ ಒಂದು ಸಂಜಿ ಅಪ್ಪ ನನ್ನ ದುರ್ಗದಬೈಲಿನ ಪ್ಯಾಟಿಗೆ ಕರಕೊಂಡು ಹೋದ್ರು. ನನಗ ಹಿಗ್ಗೇ ಹಿಗ್ಗು. ನಮ್ಮ ಓಣ್ಯಾಗ ಯಾವ ಹುಡುಗಿ ಕಡೆನೂ ಪೆನ್ನು ಇದ್ದಿಲ್ಲ.

ಅಲ್ಲೆ ಒಬ್ಬ ಸಾಬರು ಸಣ್ಣ ಅಂಗಡ್ಯಾಗ ಪೆನ್ನು ಮಾರತಿದ್ರು, ಕೆಟ್ಟದ್ದನ್ನ ರಿಪೇರಿನೂ ಮಾಡ್ತಿದ್ರು. ಮುಂದ ಒಂದು ಸಣ್ಣ ಮೇಜು, ಅದರ ಮ್ಯಾಲೆ ಬರದು ನೋಡಾಕ ಒಂದು ಹಾಳಿ, ಬಾಜೂಕ ನಿಬ್ಬು ಒರಸೂ ಅರಿವಿ. ಆ ಅರಿವಿಯ ಮೂಲ ಬಣ್ಣ ಯಾವದಿತ್ತೋ ದೇವರಿಗೇ ಗೊತ್ತು, ಶಾಯಿ ಕುಡುದು ಕುಡುದು ಅದು ಯಾವಾಗಲೂ ಹಸಿ, ಪೂರಾ ನೀಲಿ ಆಗಿರತಿತ್ತು.

ಅಪ್ಪಂದು ಪೆನ್ನು ಪರೀಕ್ಷಾ ಮಾಡೂ ರೀತಿನ ಬ್ಯಾರೆ. ಎಲ್ಲಾ ಪೆನ್ನಿನಿಂದ ಒಂದ ಮಾತು ಬರೀಬೇಕು, ಅಂದ್ರನ ಅದರ ಗುಣ ತಿಳೀತೈತಿ ಅಂತಿದ್ರು. ಸಾಲ್ಯಾಗ ಮಕ್ಕಳಿಗೆ ಪಾಟಿ ಮ್ಯಾಲೆ ಮೊದಲ ಬರಸ್ತಿದ್ದ ‘ಶ್ರೀ ಗುರುಬಸವಲಿಂಗಾಯ ನಮಃ’ ಅದೇ ಮಾತು. ಮೊದಲ ತಮ್ಮ ಕಿಸೆದಾಗಿನ ಹಳೇ ಕರೀ ಪೆನ್ನು ತಗದು ಬರದ್ರು. ಅದರ ಕುತ್ತಿಗಿ ಸೋರಿ ಬೆರಳು ನೀಲಿ ಆಗ್ತಿದ್ವು, ಆದ್ರ ಅಕ್ಷರ ಗುಂಡಗ ಬೀಳ್ತಿದ್ವು. ಆಮ್ಯಾಲೆ ಸಾಬರು ಒಂದು ಸ್ವದೇಶಿ ಪೆನ್ನು ಕೊಟ್ರು. ಲಟ್ಟಣಿಗಿಯಷ್ಟು ದಪ್ಪ, ನಿಬ್ಬು ಕಾಗದ ಕೆರೀತಿತ್ತು. ‘ಶ್ರೀ’ಯ ದೀರ್ಘದಾಗ ಶಾಯಿನ ನಿಂತುಬಿಡ್ತು. “ಇದು ಬರೆಯೂದಿಲ್ಲ ಸಾಬ್ರ, ಹೊಲಾ ಊಳತೈತಿ” ಅಂದ್ರು ಅಪ್ಪ. ಅವರು ಹಾಸ್ಯ ಮಾಡಿದ್ದು ಕೇಳಿ ಭಾಳ ದಿನಾ ಆಗಿತ್ತು, ನಾನು ಕಿಸಕ್ಕನ ನಕ್ಕೆ.

ಆಗ ಸಾಬರು ಒಳಗಿಂದ ಒಂದು ಹಸರು ಪೆನ್ನು ತಂದ್ರು. ಪರದೇಶದ್ದು, ಲಡಾಯಿ ಹತ್ತೂಕಿಂತ ಮೊದಲ ಬಂದ ಮಾಲು. ಬಂಗಾರದ ನಿಬ್ಬು. ಅಪ್ಪ ಅದನ್ನ ಕಾಗದಕ್ಕ ಹಚ್ಚಿದ್ದಷ್ಟ ತಡಾ, ‘ಶ್ರೀ’ ತಾನಾಗೇ ಮೂಡಿದಂಗ ಆತು. ಅಪ್ಪನ ಮಾರಿ ಅರಳಿತು. ‘ನಮಃ’ ಮುಗೀತು, ಆದ್ರ ಕೈ ನಿಲ್ಲವಲ್ದು. ಪೆನ್ನಿನ ಸುಖಕ್ಕ ಮನಸ್ಸು ಎಲ್ಲೋ ಹೋಗಿತ್ತು. ದಿನಾ ಕಿಡಕಿ ಮುಚ್ಚಿ ಮುಚ್ಚಿ ಕಿವಿಯೊಳಗ ಕುಂತಿದ್ದು ಬೆರಳಿಗೆ ಇಳೀತು. ಕೆಳಗಿನ ಸಾಲಿನ್ಯಾಗ, ಮುತ್ತಿನಂಥಾ ಅಕ್ಷರದಾಗ, ‘ಭಾರತ ಬಿಟ್ಟು ತೊಲಗಿರಿ’ ಅಂತ ಬರದಿದ್ರು ನಮ್ಮಪ್ಪ.

ನಾನು ಓದಿದೆ. ಸಾಬರು ಓದಿದ್ರು. ಕಡೀಕ ಅಪ್ಪನೂ ಓದಿದ್ರು.

ಅಷ್ಟರಾಗ ಬೆನ್ನ ಹಿಂದ ಬೂಟಿನ ಸಪ್ಪಳ. “ಏನ್ ಸಾಬ್ರ, ನನ್ನ ಪೆನ್ನು ರಿಪೇರಿ ಆತೇನು?” ಅಂತ ಪೊಲೀಸ ಫೌಜದಾರ ಒಳಗ ಬಂದ. ಬೈದು ಬಡದು ಮಾಡೂ ಪೈಕಿ ಅಲ್ಲ ಅಂವಾ, ನಕ್ಕೋತ ಮಾತಾಡೂ ಮನಷ್ಯಾ. ಆ ಕರಪತ್ರದ ಮಾಸ್ತರನ್ನೂ ಹಿಂಗ ನಕ್ಕೋತನ ಕರಕೊಂಡು ಹೋಗಿದ್ದ ಅಂತ ಊರೆಲ್ಲಾ ಮಾತಿತ್ತು. ಅಪ್ಪ ಎದ್ದು ನಿಂತ್ರು. ಹಾಳಿ ಮೇಜಿನ ಮ್ಯಾಲೆ ಹಂಗ ಐತಿ, ಶಾಯಿ ಇನ್ನೂ ಹಸಿ, ಹೊಳೀತೈತಿ. ನನ್ನ ಕಣ್ಣಿಗೆ ಆ ಮಾಸ್ತರ ಮನಿ ಕೀಲಿ ಕಂಡಿತು. ಇದಕ್ಕ ಬ್ಯಾರೆ ಹೆಸರು ಯಾಕ, ಅಂಜಿಕಿ!

“ಓಹೋ, ಹೊಸಾ ಪೆನ್ನೇನು? ನೋಡೂನು ತರ್ರಿ ಮಾಸ್ತರ್ರ” ಅಂತ ಫೌಜದಾರ ಕೈ ಚಾಚಿ ಮೇಜಿನ ಕಡೆ ಬಗ್ಗಿದ.

ನಾನು ಅಂಗೈ ಇಟ್ಟೆ. ಆ ಸಾಲಿನ ಮ್ಯಾಲೆ ಗಟ್ಟ್ಯಾಗಿ ಒತ್ತಿ, ಜಾರಿದವರಂಗ ಒಂದು ಕಡೆ ಎಳದೆ. ಹಾಳಿ ಮ್ಯಾಲೆ ನೀಲಿ ಬಳದಂಗ ಆತು. ಕೈ ಎತ್ತಿ ನೋಡ್ತೇನಿ, ಹೆಬ್ಬೆಟ್ಟಿನ ಬುಡಕ ‘ತೊಲಗಿರಿ’ ತಿರುಗಾಮುರುಗಾ ಮೂಡೇತಿ! ಲಗೂನ ಮುಟಿಗಿ ಬಿಗಿ ಹಿಡದೆ.

“ಕೈ ಸುಮ್ಮ ಇರೂದಿಲ್ಲೇನ ನಿಂದು! ಕತ್ತಿಯಂಗ ಬೆಳದೀ!” ಅಂತ ಅಪ್ಪ ಚೀರಿದ್ರು. ಅವರು ನನಗ ಹಂಗ ಎಂದೂ ಬೈದಿದ್ದಿಲ್ಲ. ಖರೇ ಸಿಟ್ಟೋ, ಅಂಜಿಕಿಯ ಸಿಟ್ಟೋ, ನನಗ ಇವತ್ತಿಗೂ ತಿಳದಿಲ್ಲ.

“ಇರಲಿ ಬಿಡ್ರಿ, ಹುಡುಗಿ” ಅಂದ ಫೌಜದಾರ. “ಎಲ್ಲೆ ತಂಗಿ, ಕೈ ತೋರ್ಸು. ಎಷ್ಟು ಶಾಯಿ ಹತ್ತೇತಿ ನೋಡೂನು.”

ನಾನು ಮುಟಿಗಿ ಬಿಚ್ಚಲಿಲ್ಲ. ಬಿಚ್ಚದಿದ್ರ ಸಂಶೆ, ಬಿಚ್ಚಿದ್ರ ಜೇಲು. ಅಷ್ಟರಾಗ ಸಾಬರು ಆ ಹಸೀ ಅರಿವಿ ಎತ್ತಿ ನನ್ನ ಕಡೆ ಒಗದ್ರು. “ಒರಿಸ್ಕೊ ಬೇಟಿ, ಲಗೂ ಒರಿಸ್ಕೊ, ಉಟ್ಟ ಪರಕಾರಕ್ಕ ಹತ್ತಿದ್ರ ಕಲಿ ಹೋಗೂದಿಲ್ಲ.” ಶಾಯಿ ತಿಕ್ಕಾಕ ಶಾಯಿ ಅರಿವಿ! ನಾನು ಅದನ್ನ ಮುಟಿಗ್ಯಾಗ ಹಿಂಡಿ ತಿಕ್ಕಿ, ಕೈ ಬಿಚ್ಚಿ ತೋರ್ಸಿದೆ. ಅಂಗೈ, ಬೆರಳು, ಮುಂಗೈತನಕಾ ಎಲ್ಲಾ ನೀಲಿ.

ಫೌಜದಾರ ಹೊಟ್ಟಿ ಹಿಡಕೊಂಡು ನಕ್ಕ. ಹಸರು ಪೆನ್ನು ತಗೊಂಡು ಅದೇ ಹಾಳಿ ಮ್ಯಾಲೆ ತನ್ನ ಸಹಿ ಮಾಡಿ, “ಭೇಷ್, ಬೆಣ್ಣಿ ಜಾರಿದಂಗ ಬರೀತೈತಿ. ಇದು ನನಗಿರಲಿ ಸಾಬ್ರ. ಮಾಸ್ತರ್ರ, ನಿಮಗ ಬ್ಯಾಸರ ಇಲ್ಲ ಹೌದಿಲ್ಲೋ?” ಅಂದ.

“ಇಲ್ರಿ ಸಾಹೇಬ್ರ, ತಗೋರಿ, ತಗೋರಿ” ಅಂದ್ರು ಅಪ್ಪ. ಆ ಪೆನ್ನು ಖಾಕಿ ಕಿಸೆದಾಗ ಕುಂತು ಹೋತು.

ಅಂವಾ ಮರೆ ಆದ ಮ್ಯಾಲೆ ಸಾಬರು ಹಾಳಿ ಮಡಚಿ ನಿಬ್ಬು ತೊಳಿಯೂ ನೀರಾಗ ಮುಳಗಿಸಿ ಕಿವಚಿದ್ರು. “ಮಾಸ್ತರ್ರ, ನನಗೂ ಮಕ್ಕಳದಾವ” ಅಂದ್ರು, ಅಷ್ಟ. ಅಪ್ಪ ಕೈ ಮುಗದ್ರು. ನಾನು ಆ ಕೆರೆಯೂ ಸ್ವದೇಶಿ ಪೆನ್ನು ತಗೊಂಡು ಮನಿಗೆ ಬಂದೆ. ಹಿತ್ತಲ ಕಲ್ಲಿನ ಮ್ಯಾಲೆ ಕುಂಡ್ರಿಸಿ ಅಪ್ಪನೇ ಹುಣಸಿಹಣ್ಣು ಹಚ್ಚಿ ನನ್ನ ಕೈ ತಿಕ್ಕಿದ್ರು. ತೊಗಲು ಉರೀತಿತ್ತು. “ಅಪ್ಪಾ, ಅಕ್ಷರ ಮಾತ್ರ ಭಾಳ ಛಲೋ ಬಂದಿದ್ವು ನೋಡ್ರಿ” ಅಂದೆ. ನನಗ ಹೆಮ್ಮಿ ಆಗಿತ್ತು, ಸುಳ್ಳು ಯಾಕ ಹೇಳ್ಲಿ. ಅಪ್ಪ ನನ್ನ ಬಾಯಿ ಮ್ಯಾಲೆ ಕೈ ಇಟ್ರು.

ಅಂದಿನಿಂದ ಅಪ್ಪ ಯಾವ ಪೆನ್ನು ಪರೀಕ್ಷಾ ಮಾಡಿದ್ರೂ ಬರೀ ಗೆರಿ ಎಳೀತಿದ್ರು. ಉದ್ದ ಗೆರಿ, ಅಡ್ಡ ಗೆರಿ. ‘ಶ್ರೀ’ನೂ ಇಲ್ಲ.

ಸ್ವಾತಂತ್ರ್ಯ ಬಂತು. ಅಪ್ಪ ನೌಕರಿಯಿಂದ ನಿವೃತ್ತಿ ಆದಾಗ ನಾನು ಮಾಸ್ತರತಿ ಆಗಿದ್ದೆ. ಅವರಿಗೊಂದು ಛಲೋ ಪೆನ್ನು ಕೊಡಸಬೇಕಂತ ಅದೇ ಅಂಗಡಿಗೆ ಕರಕೊಂಡು ಹೋದೆ. ಸಾಬರ ಗಡ್ಡ ಬೆಳ್ಳಗಾಗಿತ್ತು. ತಾವಾಗೇ ಹಾಳಿ ಮುಂದ ಸರಿಸಿ, “ಇನ್ನ ಅಂಜಬ್ಯಾಡ್ರಿ ಮಾಸ್ತರ್ರ. ಏನು ಬೇಕಾದ್ದು ಬರೀರಿ” ಅಂದ್ರು. ಅಪ್ಪ ಪೆನ್ನು ತಗೊಂಡು ಒಂದು ಗೆರಿ ಎಳದ್ರು.

ನನಗ ಸಿಟ್ಟು ಬಂತು. “ಅಪ್ಪಾ, ಈಗರ ಏನರ ಬರೀರಿ! ಯಾರದಾರ ಇಲ್ಲೆ ಕೇಳವ್ರು?”

ಅಪ್ಪ ತಿರುಗಿ ಬಾಗಲಾ ನೋಡಿದ್ರು. ಯಾರೂ ಇದ್ದಿಲ್ಲ. ಆಮ್ಯಾಲೆ ಮೇಜಿನ ಕೆಳಗ ನನ್ನ ಕೈ ಹಿಡದು, ಒಂದೊಂದ ಬೆರಳು ಬಿಡಿಸಿ, ಅಂಗೈ ನೋಡಿದ್ರು. ಕೈ ಸ್ವಚ್ಛ ಇತ್ತು. ಅಷ್ಟು ನೋಡಿಯೂ, ಇನ್ನೊಂದು ಗೆರಿ ಎಳದ್ರು.